‘ನೋಡೋಣ’ ಅಂದರೆ ಮೈ ಉರಿಯುತ್ತದೆ, ‘ಊಟ ಆಯ್ತಾ’ ಅಂದರೆ ಇಲ್ಲ. ಯಾಕೆ?

“ಊಟ ಆಯ್ತಾ?” ಅನ್ನುವ ಪ್ರಶ್ನೆ ದಿನಕ್ಕೆ ಎಷ್ಟು ಸಲ ಕಿವಿಗೆ ಬೀಳುತ್ತದೋ ಲೆಕ್ಕವಿಲ್ಲ. ಮಧ್ಯಾಹ್ನ ಎರಡಕ್ಕೆ ಲಿಫ್ಟಿನಲ್ಲಿ ಸಿಕ್ಕವರು ಕೇಳುತ್ತಾರೆ, ನಾಲ್ಕಕ್ಕೆ ಫೋನ್ ಮಾಡಿದ ಚಿಕ್ಕಮ್ಮ ಕೇಳುತ್ತಾರೆ, ಧಾರವಾಡದ ಕಡೆಯವರಾದರೆ “ಊಟ ಆತೇನ್ರಿ?” ಅನ್ನುತ್ತಾರೆ. ಯಾರೂ ಸಿಡುಕುವುದಿಲ್ಲ. ಅದೇ ರಜೆ ಅರ್ಜಿ ಹಿಡಿದು ನಿಂತವರಿಗೆ ಸಾಹೇಬರು ಮೂರನೇ ಸಲ “ನೋಡೋಣ” ಅಂದರೆ ಮೈಯೆಲ್ಲ ಉರಿ. ಎರಡೂ ಸವಕಲು ಮಾತುಗಳೇ. ನಾಲಿಗೆಯಿಂದ ನಾಲಿಗೆಗೆ ಓಡಾಡಿ ಹಳೇ ನಾಣ್ಯದ ಹಾಗೆ ಅಚ್ಚು ಅಳಿಸಿಹೋದವು. ಹಾಗಿದ್ದರೂ ಒಂದು ಬೇಸರ ತರಿಸುತ್ತದೆ, ಇನ್ನೊಂದು ತರಿಸುವುದಿಲ್ಲ. ಹಾಗಾದರೆ “ಪದೇ ಪದೇ ಕೇಳಿ ಸಾಕಾಗಿದೆ” ಅನ್ನುವ ವಿವರಣೆ ಎಲ್ಲೋ ಅರ್ಧಕ್ಕೇ ನಿಂತಿದೆ.

ಪದೇ ಪದೇ ಕೇಳುವುದರಿಂದ ಏನಾಗುತ್ತದೆ ಅನ್ನುವುದನ್ನು ಮನಶ್ಶಾಸ್ತ್ರ ನೂರಕ್ಕೂ ಹೆಚ್ಚು ವರ್ಷಗಳಿಂದ ಕೆದಕುತ್ತಿದೆ. “ಗಡಿಯಾರ, ಗಡಿಯಾರ, ಗಡಿಯಾರ” ಎಂದು ಅರ್ಧ ನಿಮಿಷ ಬಾಯಿಬಿಟ್ಟು ಹೇಳಿ ನೋಡಿ. ಗೋಡೆಯ ಮೇಲಿನ ಗಡಿಯಾರ ಮನಸ್ಸಿನಿಂದ ಮಾಯವಾಗಿ ‘ಗಡಿ’, ‘ಯಾರ’, ‘ರಗಡಿ’ ಎಂಬ ಸದ್ದು ಮಾತ್ರ ಉಳಿಯುತ್ತದೆ. ಅಚ್ಚಾದ ಪದವನ್ನು ಬಹಳ ಹೊತ್ತು ದಿಟ್ಟಿಸಿದರೂ ಹೀಗೇ ಆಗುತ್ತದೆಂದು 1907ರಲ್ಲೇ ಅಮೆರಿಕದ ಮನಶ್ಶಾಸ್ತ್ರ ಪತ್ರಿಕೆಯೊಂದರಲ್ಲಿ ಸೆವೆರೆನ್ಸ್ ಮತ್ತು ವಾಷ್‌ಬರ್ನ್ ಬರೆದಿದ್ದರು. 1962ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಲಿಯಾನ್ ಜಾಕೊಬೊವಿಟ್ಸ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇದಕ್ಕೆ ‘ಸಿಮ್ಯಾಂಟಿಕ್ ಸೇಷಿಯೇಷನ್’ ಎಂದು ಹೆಸರಿಟ್ಟರು. ಕನ್ನಡದಲ್ಲಿ ಅರ್ಥದ ಅಜೀರ್ಣ ಅನ್ನಬಹುದು. ಕಚೇರಿಯ ಸವಕಲು ಮಾತಿನ ವಿಷಯ ಬಂದಾಗಲೆಲ್ಲ ಈ ಪ್ರಯೋಗವನ್ನು ಎಳೆದು ತರುವ ರೂಢಿಯಿದೆ. ಆದರೆ ಹೊಂದುವುದಿಲ್ಲ. ಈ ಅಜೀರ್ಣ ಸ್ವಲ್ಪ ಹೊತ್ತಿನದು, ಬಾಯಿ ಮುಚ್ಚಿ ಬೇರೆ ಕೆಲಸ ನೋಡಿಕೊಂಡರೆ ಗಡಿಯಾರ ಮತ್ತೆ ಗಡಿಯಾರವೇ ಆಗುತ್ತದೆ. “ನೋಡೋಣ” ಮೇಲಿನ ಸಿಟ್ಟು ವರ್ಷಗಟ್ಟಲೆ ಇಳಿಯುವುದಿಲ್ಲ. ಅಲ್ಲದೆ ಅಲ್ಲಿ ಅರ್ಥ ಮಾಯವಾಗಿರುವುದೂ ಇಲ್ಲ, ಚೆನ್ನಾಗಿಯೇ ಗೊತ್ತಾಗಿರುತ್ತದೆ.

ಇನ್ನೊಂದು ತೊಡಕೂ ಇದೆ. ಪುನರಾವರ್ತನೆ ಮೊದಮೊದಲು ಇಷ್ಟವನ್ನೇ ಹುಟ್ಟಿಸುತ್ತದೆ. ರಾಬರ್ಟ್ ಝಾಯನ್ಸ್ 1968ರಲ್ಲಿ ಅರ್ಥವಿಲ್ಲದ ಪದಗಳನ್ನೂ, ನೋಡುವವರಿಗೆ ಓದಲು ಬಾರದ ಚೀನೀ ಲಿಪಿಯಂಥ ಅಕ್ಷರಗಳನ್ನೂ ಕೆಲವನ್ನು ಒಂದೇ ಸಲ, ಕೆಲವನ್ನು 2, 5, 10, ಮತ್ತೆ ಕೆಲವನ್ನು 25 ಸಲ ತೋರಿಸಿದರು. ಹೆಚ್ಚು ಸಲ ಕಂಡದ್ದಕ್ಕೆ “ಒಳ್ಳೆಯ ಅರ್ಥವೇ ಇರಬೇಕು” ಎಂಬ ಉತ್ತರ ಬಂತು. ಜಾಹೀರಾತಿನವರು ಬದುಕಿರುವುದೇ ಇದರ ಮೇಲೆ. ಆದರೆ ವಾದವಿರುವ ಮಾತಿಗೆ ಇದು ಪೂರ್ತಿ ಒಪ್ಪುವುದಿಲ್ಲ. 1979ರಲ್ಲಿ ಕ್ಯಾಸಿಯೊಪ್ಪೊ ಮತ್ತು ಪೆಟ್ಟಿ ಒಂದೇ ವಾದವನ್ನು ಕೇಳುಗರಿಗೆ 1, 3, 5 ಸಲ ಕೇಳಿಸಿದಾಗ ಒಪ್ಪಿಗೆ ಮೊದಲು ಏರಿ, ಆಮೇಲೆ ಇಳಿಯಿತು. ಮೊದಲೆರಡು ಸಲ ಕೇಳುವಾಗ ತಲೆ ವಿಷಯವನ್ನು ಅರಗಿಸಿಕೊಳ್ಳುತ್ತಿರುತ್ತದೆ. ಅರಗಿದ ಮೇಲೂ ಅದನ್ನೇ ಬಡಿಸಿದರೆ ಅದೇ ತಲೆ ಹುಳುಕು ಹುಡುಕಲು ಕೂರುತ್ತದೆ. ವಾರದ ಸಭೆಯಲ್ಲಿ ಐದನೇ ಸಲ “ನಾವೆಲ್ಲ ಒಂದೇ ಕುಟುಂಬ” ಅಂದಾಗ ಬೋನಸ್ ನೆನಪಾಗುವುದು ಹೀಗೆ.

ಸಿಟ್ಟನ್ನು ಹಿಗ್ಗಿಸುವ ಕೆಲಸ ನಮ್ಮ ಗಮನದ್ದೂ ಹೌದು. ಸಹೋದ್ಯೋಗಿಯ “ಆಕ್ಚುಯಲಿ” ಒಮ್ಮೆ ಚುಚ್ಚಿತೋ, ಆಮೇಲೆ ಅವರು ಬಾಯಿ ತೆರೆದರೆ ಅದೊಂದೇ ಕೇಳುತ್ತದೆ. ಅದಿಲ್ಲದ ಹತ್ತು ವಾಕ್ಯಗಳನ್ನು ಯಾರೂ ಎಣಿಸುವುದಿಲ್ಲ. ಸ್ಟ್ಯಾನ್‌ಫರ್ಡಿನ ಭಾಷಾವಿಜ್ಞಾನಿ ಆರ್ನಲ್ಡ್ ಝ್ವಿಕಿ 2005ರಲ್ಲಿ ಇದನ್ನು ಆವರ್ತನೆಯ ಭ್ರಮೆ ಎಂದು ಕರೆದರು. ಆದ್ದರಿಂದ ಯಾರದೇ ಮಾತಿನ ಮೇಲೆ ದೂರು ಹೇಳುವ ಮೊದಲು ಎಣಿಸಬೇಕು. ಎಣಿಕೆಯ ವಿಧಾನ ಕೆಳಗಿದೆ.

ಅದಕ್ಕೂ ಮೊದಲು, ಸಿದ್ಧಮಾತು ನಾಲಿಗೆಗೆ ಯಾಕೆ ಅಷ್ಟು ಸಲೀಸು? ಸ್ಟಿವರ್ಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಪಂಚದ 10 ಭಾಷೆಗಳ ಸಂಭಾಷಣೆಯನ್ನು ಅಳೆದರು. ಒಬ್ಬರು ಮಾತು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸರಾಸರಿ ಸುಮಾರು 200 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಆದರೆ ಒಂದು ಚಿತ್ರ ನೋಡಿ ‘ಬೆಕ್ಕು’ ಎಂಬ ಒಂದೇ ಪದ ಹೇಳಲು ತಲೆಗೆ ಸುಮಾರು 600 ಮಿಲಿಸೆಕೆಂಡ್ ಬೇಕು. ಲೆಕ್ಕ ತಾಳೆಯಾಗಬೇಕಾದರೆ ಎದುರಿನವರು ಮಾತಾಡುತ್ತಿರುವಾಗಲೇ ನಮ್ಮ ಉತ್ತರ ಒಲೆಯ ಮೇಲೆ ಕೂತಿರಬೇಕು. ಇನ್ನೂ ಬೆಂದಿಲ್ಲದಿದ್ದರೆ ಬಾಯಿಗೆ ಬರುವುದು ರೆಡಿಮೇಡ್: “ಅದೂ ಏನಂದ್ರೆ”, “ಬೇಸಿಕಲಿ”, ಮಂಗಳೂರಿನಲ್ಲಿ “ಎಂಥ ಗೊತ್ತುಂಟಾ ಮಾರಾಯ್ರೇ”, ಹುಬ್ಬಳ್ಳಿಯಲ್ಲಿ “ಏನಪಾ ಅಂದ್ರ”. ಇವು ಮಾತಿನ ಬಂಡಿ ನಿಂತಿಲ್ಲ ಎಂದು ತೋರಿಸುವ ಕೈಸನ್ನೆಗಳು. ಇಂಗ್ಲಿಷಿನ ‘ಅ’ ಮತ್ತು ‘ಅಮ್’ ಎಂಬ ತೊದಲುಗಳನ್ನು 2002ರಲ್ಲಿ ಪರೀಕ್ಷಿಸಿದ ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ ಅವೆರಡಕ್ಕೂ ಬೇರೆ ಬೇರೆ ಕೆಲಸವಿದೆ ಎಂದರು: ಮೊದಲನೆಯದು ಚಿಕ್ಕ ತಡಕ್ಕೆ, ಎರಡನೆಯದು ದೊಡ್ಡ ತಡಕ್ಕೆ. ಮೇಷ್ಟ್ರ “ಅರ್ಥ ಆಯ್ತಾ?” ಕೂಡ ಬಹುಪಾಲು ಉಸಿರು ತೆಗೆದುಕೊಳ್ಳುವ ಜಾಗವೇ. ಮಕ್ಕಳಿಗೂ ಅದು ಗೊತ್ತು, ಅದಕ್ಕೇ ಯಾರೂ “ಇಲ್ಲ ಸಾರ್” ಅನ್ನುವುದಿಲ್ಲ.

“ಊಟ ಆಯ್ತಾ” ಬೇರೆ ಜಾತಿಯದು. ನ್ಯೂಗಿನಿ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಅಧ್ಯಯನ ನಡೆಸಿದ್ದ ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ, ಮಾಹಿತಿಗಾಗಿ ಅಲ್ಲದೆ ನಂಟು ಉಳಿಸಿಕೊಳ್ಳಲಿಕ್ಕೆಂದೇ ಆಡುವ ಇಂಥ ಮಾತುಗಳನ್ನು 1923ರಲ್ಲಿ ಪ್ರತ್ಯೇಕವಾಗಿ ಗುರುತಿಸಿದರು. ಕೇಳಿದವರಿಗೆ ನಿಮ್ಮ ಸಾರು ಪಲ್ಯದ ವಿವರ ಬೇಡ, “ಹ್ಞೂ, ನಿಮ್ದು?” ಸಾಕು. ಅಲ್ಲಿ ಮಾಹಿತಿಗೆ ಜಾಗವೇ ಖಾಲಿ ಬಿಟ್ಟಿಲ್ಲ, ಆದ್ದರಿಂದ ಸವಕಲು ಮಾತು ಯಾರ ಜಾಗವನ್ನೂ ಕಸಿದುಕೊಳ್ಳುವುದಿಲ್ಲ. “ನೋಡೋಣ” ಕೂರುವುದು ಉತ್ತರದ ಕುರ್ಚಿಯಲ್ಲಿ. ರಜೆ ಸಿಗುತ್ತದೋ ಇಲ್ಲವೋ ಎಂದು ಕೇಳಿದ ಜಾಗದಲ್ಲಿ, ಟಿಕೆಟ್ ಬುಕ್ ಮಾಡಬೇಕಾದವರ ಎದುರಿಗೆ. ಮಾತು ಸವೆದದ್ದಕ್ಕೆ ಅಷ್ಟೊಂದು ಸಿಟ್ಟು ಬರುವುದಿಲ್ಲ, ಸವೆದ ಮಾತು ಉತ್ತರದ ಜಾಗ ಹಿಡಿದು ಕೂತದ್ದಕ್ಕೆ ಬರುತ್ತದೆ.

ಆ ಪದದ ಒಳಗೇ ಇಳಿದು ನೋಡಿ. ‘ನೋಡು’ ಧಾತುವಿಗೆ ‘ಓಣ’ ಸೇರಿದೆ. ಬನ್ನಿ ಹೋಗೋಣ, ತಿನ್ನೋಣ ಅನ್ನುವಾಗ ನಾನು ನೀನು ಇಬ್ಬರನ್ನೂ ಸೇರಿಸಿಕೊಳ್ಳುವ ಪ್ರತ್ಯಯ. ನಿರ್ಧಾರ ಮಾಡಬೇಕಾದವರು ಒಬ್ಬರೇ, ಆದರೆ ವ್ಯಾಕರಣ ಅರ್ಜಿದಾರರನ್ನೂ ಹೊಣೆಗಾರರನ್ನಾಗಿಸಿಬಿಟ್ಟಿತು. ನೋಡುವವರು ಯಾರು, ಯಾವತ್ತು, ನೋಡಿ ಏನು ಮಾಡುತ್ತಾರೆ, ಮೂರೂ ಇಲ್ಲ. ಸರ್ಕಾರಿ ಕನ್ನಡದ “ಸೂಕ್ತ ಕ್ರಮ ಕೈಗೊಳ್ಳಲಾಗುವುದು” ಇದಕ್ಕಿಂತ ಪಳಗಿದ ಕೈ. ಆಡುಮಾತಿನಲ್ಲಿ ನಾವು “ಕ್ರಮ ತಗೋತೀವಿ” ಅನ್ನುತ್ತೇವೆ, ಕ್ರಿಯಾಪದದ ಬಾಲದಲ್ಲೇ ‘ನಾವು’ ಇದೆ. ‘ಲಾಗುವುದು’ ಹಚ್ಚಿದ ಕೂಡಲೇ ಕರ್ತೃ ಮಾಯ. ‘ಸೂಕ್ತ’ ಸೇರಿದ ಮೇಲೆ ಏನು ಮಾಡುತ್ತಾರೆಂಬುದೂ ಮಾಯ. ಪಾರಾಗಲು ಇಷ್ಟು ಅಚ್ಚುಕಟ್ಟಾದ ವಾಕ್ಯವನ್ನು ಯಾರೋ ಕೂತು ಹೆಣೆದಿರಬೇಕು ಅನ್ನಿಸಿದರೆ ತಪ್ಪಲ್ಲ. ಇನ್ನು “ಬಂದೆ ಬಂದೆ, ಐದೇ ನಿಮಿಷ” ಎಂಬುದಂತೂ ಮನೆಯಿಂದ ಹೊರಡದವರು ಭೂತಕಾಲದಲ್ಲಿ ಆಡುವ ಮಾತು. ಬೆಂಗಳೂರಿನಲ್ಲಿ ಅವರೆಲ್ಲ ಸದಾ ಸಿಲ್ಕ್ ಬೋರ್ಡ್ ಹತ್ತಿರವೇ ಇರುತ್ತಾರೆ.

ಇಂಗ್ಲಿಷ್ ಮೇಲ್‌ಗಳಲ್ಲೂ ರೋಗ ಇದೇ. “ಜೆಂಟಲ್ ರಿಮೈಂಡರ್, ಕೈಂಡ್ಲಿ ಡೂ ದ ನೀಡ್‌ಫುಲ್ ಆ್ಯಂಡ್ ರಿವರ್ಟ್ ಅಟ್ ದ ಅರ್ಲಿಯೆಸ್ಟ್” ಎಂಬ ಒಂದು ಸಾಲು ತಗೊಳ್ಳಿ. ‘ನೀಡ್‌ಫುಲ್’ ಬ್ರಿಟಿಷರ ಕಾಲದ ಕಚೇರಿ ಮಾತು. ಅವರ ನಾಡಿನಲ್ಲಿ ಹಳತಾಗಿ ಹೋಯಿತು, ನಮ್ಮ ಇನ್‌ಬಾಕ್ಸಿನಲ್ಲಿ ಗಟ್ಟಿಯಾಗಿದೆ. ‘ರಿವರ್ಟ್’ ಅಂದರೆ ಮೊದಲಿನ ಸ್ಥಿತಿಗೆ ಮರಳುವುದು ಎಂದು ಹೊರದೇಶದ ಗ್ರಾಹಕರು ತಿಳಿಯುತ್ತಾರೆ. ಮಾಡಿದ ಬದಲಾವಣೆಯನ್ನು ವಾಪಸ್ ತೆಗೆಯಿರಿ ಅಂದುಕೊಂಡರೂ ಆಶ್ಚರ್ಯವಿಲ್ಲ. ನಾವು ಕೇಳಿದ್ದು ಉತ್ತರ. ಸಾಲಿನಲ್ಲಿ ಮರ್ಯಾದೆ ಬೇಕಾದಷ್ಟಿದೆ, ಒಂದು ತಾರೀಖಿಲ್ಲ. “ಮಾರ್ಚ್ ತಿಂಗಳ ಬಿಲ್ ಸಂಖ್ಯೆ ಬೇಕು, ಗುರುವಾರ ಸಂಜೆ 4ರೊಳಗೆ. ಆಮೇಲೆ ಬಂದರೆ ಈ ತಿಂಗಳ ಪಾವತಿಗೆ ಸೇರಿಸಲು ಆಗುವುದಿಲ್ಲ” ಎಂದರೆ ಜೆಂಟಲ್ ಎಂದು ಹಣೆಪಟ್ಟಿ ಹಚ್ಚುವ ಅಗತ್ಯವೇ ಬೀಳುವುದಿಲ್ಲ.

ಭಾರಿ ಪದ ಬಳಸಿದರೆ ತೂಕ ಬರುತ್ತದೆ ಎಂಬ ನಂಬಿಕೆಯನ್ನೂ ಪರೀಕ್ಷಿಸಿದವರಿದ್ದಾರೆ. ಡ್ಯಾನಿಯಲ್ ಓಪನ್‌ಹೈಮರ್ ಸರಳ ಪದಗಳ ಜಾಗದಲ್ಲಿ ಅನಗತ್ಯವಾಗಿ ಉದ್ದುದ್ದ ಪದ ತುಂಬಿ ಓದಿಸಿದಾಗ, ಬರೆದವರ ಬುದ್ಧಿಗೆ ಓದುಗರು ಕೊಟ್ಟ ಅಂಕ ಕಡಿಮೆಯಾಯಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್‌ನ 2006ರ ಸಾಹಿತ್ಯ ಬಹುಮಾನ ಆ ಪ್ರಬಂಧಕ್ಕೇ ಹೋಯಿತು. ತಮ್ಮ ಸ್ಥಾನದ ಬಗ್ಗೆ ಅಳುಕಿರುವವರೇ ಹೆಚ್ಚು ವೃತ್ತಿಪರಿಭಾಷೆ ಬಳಸುತ್ತಾರೆ ಎಂಬುದನ್ನು ಬ್ರೌನ್, ಆನಿಸಿಚ್ ಮತ್ತು ಗ್ಯಾಲಿನ್‌ಸ್ಕಿ 2020ರಲ್ಲಿ ತೋರಿಸಿದರು. ಹೊಸದಾಗಿ ಸೇರಿದವರ ಪ್ರೆಸೆಂಟೇಷನ್‌ನಲ್ಲಿ ‘ಸಿನರ್ಜಿ’ ಹೆಚ್ಚು ಕಂಡರೆ ಕನಿಕರವೇ ಸೂಕ್ತ.

ಈಗ ಎಣಿಕೆ. ಎಲ್ಲರ ಒಪ್ಪಿಗೆ ಪಡೆದು ಒಂದು ಸಭೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಮೊದಲ ಹತ್ತು ನಿಮಿಷ ಬಿಡಿ, ಆಗ ಎಲ್ಲರ ನಾಲಿಗೆ ಇಸ್ತ್ರಿ ಹಾಕಿಕೊಂಡಿರುತ್ತದೆ. ನಡುವಿನ ಹತ್ತು ನಿಮಿಷವನ್ನು ಕೈಯಲ್ಲೇ ಬರೆದುಕೊಳ್ಳಿ. ಮಾತನ್ನು ಅಕ್ಷರಕ್ಕಿಳಿಸುವ ಸಾಫ್ಟ್‌ವೇರ್‌ಗಳು ‘ಅದೂ’, ‘ಅಂದ್ರೆ’ಗಳನ್ನು ಎಷ್ಟೋ ಸಲ ನುಂಗಿಬಿಡುತ್ತವೆ, ನಮಗೆ ಬೇಕಾದದ್ದು ಅವೇ. ಆಮೇಲೆ ಎರಡು ಬಣ್ಣದ ಪೆನ್ನು. ವಾಕ್ಯದ ಶುರುವಿಗೋ ನಡುವಿಗೋ ಬಂದು, ತೆಗೆದರೂ ಅರ್ಥ ಬದಲಾಗದ ಮಾತುಗಳಿಗೆ ನೀಲಿ. ಯಾರೋ ಕೇಳಿದ ಪ್ರಶ್ನೆಗೆ ಉತ್ತರವಾಗಿ ಬಂದು, ಯಾರು, ಏನು, ಯಾವಾಗ ಎಂಬ ಮೂರರಲ್ಲಿ ಒಂದನ್ನೂ ಹೇಳದವಕ್ಕೆ ಕೆಂಪು. ಪ್ರತಿ 100 ಪದಕ್ಕೆ ಎಷ್ಟೆಂದು ಎರಡನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿ. ದೂರು ಬರುವುದು ಸಾಮಾನ್ಯವಾಗಿ ನೀಲಿಯ ಮೇಲೆ, ಯಾಕೆಂದರೆ ಕಿವಿಗೆ ಬೀಳುವುದು ಅದು. ಕೆಲಸ ಕೆಡಿಸುವುದು ಕೆಂಪು.

ನೀಲಿಯನ್ನು ಕಿತ್ತೊಗೆಯಲು ಹೋಗಿ ಎಡವುವವರೇ ಹೆಚ್ಚು. ‘ಬೇಸಿಕಲಿ’ ಬಿಡುತ್ತೇನೆಂದು ಶಪಥ ಮಾಡಿದ ಮರುವಾರ ಅದೇ ಜಾಗದಲ್ಲಿ ‘ಎಸೆನ್ಷಿಯಲಿ’ ಬಂದು ಕೂತಿರುತ್ತದೆ. ಉತ್ತರ ಬೇಯಲು ಬೇಕಾದ ಹೊತ್ತು ಕಡಿಮೆಯಾಗಿಲ್ಲವಲ್ಲ. ಎದುರೆದುರು ಕೂತಾಗ ಅಲ್ಲಿ ಅರ್ಧ ಸೆಕೆಂಡ್ ಸುಮ್ಮನಿದ್ದರೆ ನಡೆಯುತ್ತದೆ. ವಿಡಿಯೊ ಕಾಲ್‌ನಲ್ಲಿ ನಡೆಯುವುದಿಲ್ಲ. ಜಾಲದ ವಿಳಂಬವೂ ಸೇರಿ ಬಿಡುವು ಉದ್ದವಾಗುತ್ತದೆ, ಮಾತು ಮುಗಿಯಿತೆಂದು ಇನ್ನೊಬ್ಬರು ನುಗ್ಗುತ್ತಾರೆ. ಅಲ್ಲಿ ಒಂದು “ಅದೂ…” ಇರಲಿ.

ಕೆಂಪಿಗೆ ಮದ್ದು ಬೇರೆ. “ನೋಡೋಣ” ಅನ್ನುವವರ ಮನಸ್ಸಿನಲ್ಲಿ ಮೂರರಲ್ಲಿ ಒಂದಿರುತ್ತದೆ: ಆಗಲ್ಲ, ಗೊತ್ತಿಲ್ಲ, ಆಗುತ್ತೆ ಆದರೆ ಈಗಲ್ಲ. ಮೊದಲನೆಯದಕ್ಕೆ “ಈ ಸಲ ಆಗಲ್ಲ, 20ರಂದು ಆಡಿಟ್ ಇದೆ”. ಎರಡನೆಯದಕ್ಕೆ “ನನ್ನ ಕೈಲಿಲ್ಲ, ಬುಧವಾರ ಮೇಲಿನವರನ್ನ ಕೇಳಿ ಹೇಳ್ತೀನಿ”. ಮೂರನೆಯದಕ್ಕೆ ತಾರೀಖು. ಹೇಳುವುದು ಸುಲಭ, ಮಾಡುವಾಗ ಅಡ್ಡ ಬರುವುದು ಮುಖದಾಕ್ಷಿಣ್ಯ. ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್‌ಸನ್ 1978ರಲ್ಲಿ ಮಂಡಿಸಿದ ಸೌಜನ್ಯದ ಸಿದ್ಧಾಂತಕ್ಕೆ ಆಧಾರವಾದ ಮೂರು ಭಾಷೆಗಳಲ್ಲಿ ನಮ್ಮ ಪಕ್ಕದ ತಮಿಳೂ ಒಂದು. ಎದುರಿನವರ ಮುಖ ಉಳಿಸುತ್ತಾ ನಿರಾಕರಿಸುವ ದಾರಿಗಳನ್ನು ಅವರು ವಿಂಗಡಿಸಿದರು. ತಮಿಳರ “ಪಾಕ್ಕಲಾಂ”, ತೆಲುಗರ “ಚೂದ್ದಾಂ”, ನಮ್ಮ “ನೋಡೋಣ” ಮೂರೂ ಒಂದೇ ಬೀದಿಯವು. ಮದುವೆಯ ಮಾತುಕತೆಯಲ್ಲಿ ಅವು ಎರಡು ಮನೆಗಳ ಮರ್ಯಾದೆ ಕಾಯುತ್ತವೆ, ಅಲ್ಲಿ ತಾರೀಖು ಕೇಳುವುದೇ ಒರಟುತನ. ಕೆಲಸದ ಜಾಗದಲ್ಲಿ ಕೆಳಗಿನವರು ಮೇಲಿನವರಿಗೆ “ನೋಡ್ತೀನಿ ಸಾರ್” ಅನ್ನುವುದೂ ಎಷ್ಟೋ ಸಲ ಹೇಳಲಾಗದ ‘ಇಲ್ಲ’. ಹಾಗಾಗಿ ಬದಲಾವಣೆ ಮೇಲಿನಿಂದ ಶುರುವಾಗಬೇಕು, ‘ಆಗಲ್ಲ’ ಅಂದವರಿಗೆ ಬೈಗುಳ ಸಿಗುವ ಕಡೆ ಯಾರೂ ತಾರೀಖು ಕೊಡುವುದಿಲ್ಲ.

‘ಆದಷ್ಟು ಬೇಗ’ ಎಂಬುದನ್ನು ಅಂಕಿಗೆ ಕಟ್ಟಿಹಾಕಿದ ದೊಡ್ಡ ಪ್ರಯತ್ನ ನಮ್ಮಲ್ಲೇ ನಡೆದಿದೆ. ಕರ್ನಾಟಕದಲ್ಲಿ 2012ರಲ್ಲಿ ಜಾರಿಗೆ ಬಂದ ಸಕಾಲ ಯೋಜನೆ ತನ್ನ ಪಟ್ಟಿಯಲ್ಲಿರುವ ಪ್ರತಿ ಸರ್ಕಾರಿ ಸೇವೆಗೂ ಇಷ್ಟು ದಿನ ಎಂದು ಗೊತ್ತುಮಾಡಿತು. ಅರ್ಜಿ ಕೊಟ್ಟವರಿಗೆ ಸಂಖ್ಯೆಯಿರುವ ಸ್ವೀಕೃತಿ ಕೊಡಬೇಕು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ. ಮೊತ್ತ ಚಿಕ್ಕದು. ಆದರೂ “ನಾಳೆ ಬನ್ನಿ” ಅನ್ನುವವರ ಮುಂದೆ ಇಡಲು ಕೈಯಲ್ಲೊಂದು ಚೀಟಿಯಾಯಿತು.

ಮುಟ್ಟಬಾರದ ಜಾಗವೂ ಒಂದಿದೆ. ಸಾವಿನ ಮನೆಯಲ್ಲಿ “ಧೈರ್ಯ ತಗೊಳ್ಳಿ”, “ಏನ್ ಮಾಡೋಕಾಗುತ್ತೆ, ನಮ್ಮ ಕೈಲೇನಿದೆ” ಎಂಬ ಮಾತುಗಳಿಗಿಂತ ಸವೆದವು ಇಲ್ಲ. ಅಲ್ಲಿ ಹೊಸದಾಗಿ ಏನಾದರೂ ಹೇಳಲು ಹೊರಟವರು ಸಾಮಾನ್ಯವಾಗಿ ಕಾಯಿಲೆಯ ವಿವರ ಕೇಳುತ್ತಾರೆ, ಇಲ್ಲವೇ ಯಾವ ಆಸ್ಪತ್ರೆಗೆ ಹೋಗಬೇಕಿತ್ತು ಎಂದು ಶುರುಮಾಡುತ್ತಾರೆ. ಹಳೇ ಮಾತಿಗೆ ಉತ್ತರ ಬೇಕಿಲ್ಲ, ತಲೆಯಾಡಿಸಿದರೆ ಆಯಿತು. ಅಂದು ಆ ಮನೆಯವರಿಗೆ ಅಷ್ಟೇ ಆಗುವುದು.