ಶಾಲೆಯಲ್ಲಿ ಮೀನು ಸಾಕಿ ಮಕ್ಕಳ ಕೈಯಿಂದ ಹೊಳೆಗೆ ಬಿಡಿಸಬಹುದಾ?

ಪ್ರಶ್ನೆ: ನಾನು ಮಲೆನಾಡಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಅಮೆರಿಕದ ಸಿಯಾಟಲ್ ಹತ್ತಿರ ಇರುವ ನನ್ನ ಅಕ್ಕನ ಮಗಳು ಕ್ಲಾಸಿನಲ್ಲೇ ಸಾಲ್ಮನ್ ಮೀನಿನ ಮೊಟ್ಟೆಯಿಂದ ಮರಿ ಮಾಡಿಸಿ, ಕೊನೆಗೆ ಎಲ್ಲರೂ ಸೇರಿ ಹೊಳೆಗೆ ಬಿಟ್ಟು ಬಂದರಂತೆ. ಆ ವಿಡಿಯೋ ನೋಡಿದಾಗಿನಿಂದ ನಮ್ಮ ಮಕ್ಕಳದ್ದು ಒಂದೇ ಹಟ. ಶಾಲೆ ಹಿಂದೆಯೇ ಹಳ್ಳ ಇದೆ. ನಾವೂ ಮೀನುಮರಿ ತಂದು, ಸಾಕಿ, ಹಳ್ಳಕ್ಕೆ ಬಿಡಬಹುದಾ?

ಉತ್ತರ: ಟೀಚರ್, ಸಾಕಬಹುದು. ಹಳ್ಳಕ್ಕೆ ಬಿಡುವುದು ಬೇಡ. ಇದೇ ಪ್ರಶ್ನೆಯನ್ನು ತುಂಬ ಜನ ಕೇಳುತ್ತಾರೆ. ಆಸೆ ಒಳ್ಳೆಯದೇ ಆಗಿರುವುದರಿಂದ ಬರೀ ‘ಬೇಡ’ ಅಂದು ಸುಮ್ನಾಗಲು ನನಗೆ ಮನಸ್ಸಿಲ್ಲ. ಬಿಡಬಾರದು ಯಾಕೆ, ಅದರ ಬದಲು ಏನು ಮಾಡಬಹುದು, ಎರಡನ್ನೂ ಹೇಳುತ್ತೇನೆ.

ಮೊದಲು ಅಲ್ಲಿ ನಡೆಯುವುದು ಏನು ಅಂತ ನೋಡೋಣ. ಸಿಯಾಟಲ್ ಕಡೆಯ ಶಾಲೆಗಳಿಗೆ ಚಳಿಗಾಲದಲ್ಲಿ ಸಾಲ್ಮನ್ ಮೊಟ್ಟೆ ಬರುತ್ತದೆ. ಬಟಾಣಿ ಕಾಳಿನಷ್ಟು ದಪ್ಪ, ಕಿತ್ತಳೆ ಬಣ್ಣ. ಕೊಡುವುದು ಮೀನುಮರಿ ಕೇಂದ್ರದವರು. ಕ್ಲಾಸಿನ ತೊಟ್ಟಿಗೆ ನೀರು ತಂಪು ಮಾಡುವ ಯಂತ್ರ ಹಾಕಿ ಸುಮಾರು 10 ಡಿಗ್ರಿಯಲ್ಲಿ ಇಡುತ್ತಾರೆ. ಮಕ್ಕಳು ದಿನಾ ಥರ್ಮಾಮೀಟರ್ ನೋಡಿ ಆವತ್ತಿನ ಡಿಗ್ರಿಯನ್ನು ಹಿಂದಿನ ಮೊತ್ತಕ್ಕೆ ಕೂಡಿಸುತ್ತಾ ಹೋಗುತ್ತಾರೆ. ಇವತ್ತು 10, ನಾಳೆ 20, ನಾಡಿದ್ದು 30. ಕೋಹೊ ಅನ್ನುವ ಜಾತಿಯಾದರೆ ಮೊತ್ತ 400ರಿಂದ 500 ಮುಟ್ಟುವ ಹೊತ್ತಿಗೆ ಮೊಟ್ಟೆ ಒಡೆಯುತ್ತದೆ. ಹಾಗಾಗಿ ಮರಿ ಯಾವ ವಾರ ಹೊರಗೆ ಬರುತ್ತದೆ ಅಂತ ಐದನೇ ಕ್ಲಾಸಿನ ಮಗು ಲೆಕ್ಕ ಹಾಕಿ ಹೇಳಬಲ್ಲದು. ಈಗಷ್ಟೇ ಒಡೆದು ಬಂದ ಮರಿಯ ಹೊಟ್ಟೆಗೆ ಒಂದು ಕಿತ್ತಳೆ ಚೀಲ ಜೋತುಬಿದ್ದಿರುತ್ತದೆ. ಅದೇ ಅದರ ಬುತ್ತಿ. ಚೀಲ ಕರಗುವ ತನಕ ಅದಕ್ಕೆ ಬೇರೆ ಊಟ ಬೇಡ. ಆಮೇಲೆ ಮೇಲಕ್ಕೆ ಈಜಿ ಬಂದು ಬಾಯಿ ತೆರೆಯುತ್ತದೆ. ಆಗ ಊಟ ಹಾಕಲು ಶುರು. ವಸಂತ ಬಂದ ಮೇಲೆ ಹೊಳೆಗೆ ಬಿಡುತ್ತಾರೆ.

ಬಿಡುವ ಆ ಒಂದು ದಿನದ ವಿಡಿಯೋ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ, ಅಲ್ವಾ? ಅದರ ಹಿಂದೆ ಏನಿದೆ ಅನ್ನುವುದು ಮುಖ್ಯ. ಆ ಶಾಲೆಗಳು ರಾಜ್ಯದ ಇಲಾಖೆಯಿಂದ ಪರವಾನಗಿ ತೆಗೆದುಕೊಂಡಿರುತ್ತವೆ. ಯಾವ ಮೊಟ್ಟೆ, ಯಾವ ಹೊಳೆ ಅನ್ನುವುದು ಮೊದಲೇ ತೀರ್ಮಾನ ಆಗಿರುತ್ತದೆ. ಸಾಲ್ಮನ್ ಆ ಸೀಮೆಯದೇ ಮೀನು. ಸಮುದ್ರಕ್ಕೆ ಹೋಗಿ ಬೆಳೆದು, ಹುಟ್ಟಿದ ಹೊಳೆಯ ವಾಸನೆ ಹಿಡಿದು ವಾಪಸ್ಸು ಬಂದು ಮೊಟ್ಟೆ ಇಡುತ್ತದೆ. ಊರಿನ ಹೊಳೆಗೆ ಊರಿನದೇ ಮೀನು.

ನಮ್ಮಲ್ಲಿ ಶಾಲೆಗೆ ಸಿಗುವ ಮರಿ ಎಲ್ಲಿಂದ ಬರುತ್ತದೆ? ಅಕ್ವೇರಿಯಂ ಅಂಗಡಿಯಿಂದ. ಇಲ್ಲಾಂದರೆ ಕೆರೆಗೆ ಬಿಡಲು ಬೆಳೆಸಿದ ಕಾಟ್ಲಾ, ರೋಹು ಮರಿ. ಇವು ಯಾವುವೂ ನಿಮ್ಮ ಹಳ್ಳದಲ್ಲಿ ಹುಟ್ಟಿದವಲ್ಲ. ಒಳ್ಳೆಯ ಮನಸ್ಸಿನಿಂದಲೇ ಬಿಟ್ಟ ಮೀನು ಹೊಳೆಗೆ ಏನು ಮಾಡಬಲ್ಲದು ಅನ್ನುವುದಕ್ಕೆ ನಮ್ಮ ಕಾವೇರಿಯೇ ಸಾಕ್ಷಿ.

ಕಾವೇರಿ ಮತ್ತು ಅದಕ್ಕೆ ಸೇರುವ ಹೊಳೆಗಳಲ್ಲಿ ಬಿಟ್ಟು ಜಗತ್ತಿನ ಇನ್ನೆಲ್ಲೂ ಇಲ್ಲದ ಒಂದು ಬಗೆಯ ಮಹಸೀರ್ ಮೀನು ಇದೆ. ಬೆನ್ನು ಗೂನು, ರೆಕ್ಕೆಗೆ ಕಿತ್ತಳೆ ಬಣ್ಣ. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕೆ.ಜಿ.ಯ ಮಹಸೀರ್ ಗಾಳಕ್ಕೆ ಬಿದ್ದಿತ್ತು. ಒಂದು ಮೂಟೆ ಸಿಮೆಂಟಿಗಿಂತ ಭಾರ! ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಮಹಸೀರ್ ಕಡಿಮೆಯಾಗುತ್ತಿದೆ ಅನ್ನುವ ಕಾಳಜಿಯಿಂದಲೇ ಕಾವೇರಿಗೆ ಮರಿ ಬಿಟ್ಟರು. ಆದರೆ ಅವು ಬೇರೆ ಜಾತಿಯವು. ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ, ನೀಲಿ ರೆಕ್ಕೆಯ, ಕೃಷ್ಣಾ ನದಿ ಕಡೆಯ ಮಹಸೀರ್. ಹೊಸಬರು ಹೆಚ್ಚಿದರು, ಕಾವೇರಿಯ ಮನೆಮಗ ಮೂಲೆಗೆ ಬಿದ್ದ. ಅಣೆಕಟ್ಟು, ಮರಳು ತೆಗೆಯುವುದು, ಡೈನಮೈಟ್ ಹಾಕಿ ಹಿಡಿಯುವುದು, ಇವೂ ಸೇರಿಕೊಂಡವು ಅನ್ನಿ. ಆ ಮೀನಿಗೆ ವಿಜ್ಞಾನಿಗಳು ಸರಿಯಾದ ಹೆಸರು ಗುರುತಿಸಿದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೆಸರು ತಿಳಿಯುವ ಮೊದಲೇ ಕಳೆದುಕೊಳ್ಳುವ ಸ್ಥಿತಿ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಇನ್ನು ಗಂಬೂಸಿಯಾ. ಸೊಳ್ಳೆಮರಿ ತಿನ್ನಲಿ ಅಂತ 1928ರಲ್ಲಿ ಇಟಲಿಯಿಂದ ನಮ್ಮ ದೇಶಕ್ಕೆ ತಂದ ಸಣ್ಣ ಮೀನು. ಅದರ ತವರು ಅಮೆರಿಕ. ಬಾವಿ, ಕೆರೆಗಳಿಗೆಲ್ಲ ಬಿಟ್ಟರು. ಅದು ಸೊಳ್ಳೆಮರಿಯ ಜೊತೆಗೆ ನಮ್ಮ ಮೀನಿನ ಮೊಟ್ಟೆ, ಮರಿ, ಕಪ್ಪೆಮರಿಗಳನ್ನೂ ತಿನ್ನುತ್ತದೆ. ಜಿಲೇಬಿ ಮೀನಿನ, ಅಂದರೆ ತಿಲಾಪಿಯಾದ ಕಥೆಯೂ ಇಂಥದ್ದೇ. ಒಮ್ಮೆ ಹೊಳೆಗೆ ಬಿಟ್ಟ ಮೇಲೆ ವಾಪಸ್ಸು ಹಿಡಿದು ತರಲು ಆಗುವುದಿಲ್ಲ, ಟೀಚರ್. ತೊಟ್ಟಿಯ ಮೀನಿಗೆ ರೋಗ ಇದ್ದರೆ ಅದೂ ಹಳ್ಳಕ್ಕೆ ಇಳಿಯುತ್ತದೆ.

ಹಾಗಂತ ತೊಟ್ಟಿಯೇ ಬೇಡ ಅನ್ನುತ್ತಿಲ್ಲ. ತೊಟ್ಟಿ ಇಡಿ. ಆದರೆ ನಾನು ಮಾಡಿದ ತಪ್ಪು ಮಾಡಬೇಡಿ. ಒಂದು ಶಾಲೆಯಲ್ಲಿ ಬೆಳಿಗ್ಗೆ ತೊಟ್ಟಿಗೆ ನೀರು ತುಂಬಿಸಿ ಮಧ್ಯಾಹ್ನವೇ ಮೀನು ಬಿಟ್ಟಿದ್ದೆ. ಖುಷಿಯಲ್ಲಿ ಮಕ್ಕಳು ಸರದಿ ಮೇಲೆ ಊಟ ಹಾಕಿದರು. ಎಂಟು ದಿನದೊಳಗೆ ಎಲ್ಲ ಮೀನೂ ಸತ್ತವು. ಒಬ್ಬಳು ಪುಟ್ಟ ಹುಡುಗಿ ಊಟದ ಡಬ್ಬಿ ಮುಟ್ಟುವುದನ್ನೇ ಬಿಟ್ಟಳು. ತಪ್ಪು ಅವಳದಲ್ಲ, ನನ್ನದು. ಮೀನಿನ ಹೊಲಸು, ಉಳಿದ ಊಟ ಕೊಳೆತು ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ಇರುವುದಿಲ್ಲ. ಬೆಳೆಯಲು ನಾಲ್ಕಾರು ವಾರ ಬೇಕು. ಹೊಸ ತೊಟ್ಟಿಗೆ ಒಂದೆರಡೇ ಮೀನು, ಚಿಟಿಕೆ ಊಟ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲು. ನಲ್ಲಿ ನೀರಾದರೆ ಒಂದು ದಿನ ಬಕೆಟ್‌ನಲ್ಲಿ ತೆರೆದಿಟ್ಟು ಹಾಕಿ, ಕ್ಲೋರಿನ್ ಹೋಗಲಿ. ಶಾಲೆ ಮುಗಿದು ರಜೆ ಬಂದಾಗ ಮೀನು ಯಾರದಾದರೂ ಮನೆಯ ತೊಟ್ಟಿಗೆ ಹೋಗಬೇಕು, ಹಳ್ಳಕ್ಕಲ್ಲ.

ಈಗ ನಿಮ್ಮ ಹಳ್ಳಕ್ಕೆ ಬರೋಣ. ಆ ಸಿಯಾಟಲ್ ಮಕ್ಕಳಿಗೆ ಯಂತ್ರ ಹಾಕಿ ಹೊಳೆಯನ್ನು ಕ್ಲಾಸಿನೊಳಗೆ ತರಬೇಕು. ನಿಮ್ಮ ಮಕ್ಕಳು ಬಾಗಿಲು ತೆರೆದು ನಡೆದು ಹೋದರೆ ಸಾಕು. ಅವರಿಂದ ಕಲಿಯಬೇಕಾದ್ದು ದಿನಾ ನೋಡುವುದು, ದಿನಾ ಬರೆಯುವುದು. ಬಿಡುವುದನ್ನು ಅಲ್ಲೇ ಬಿಟ್ಟುಬಿಡಿ.

ಹೋಗಲು ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರವರಿ. ಮಳೆ ನಿಂತು ನೀರು ತಿಳಿಯಾಗಿರುತ್ತದೆ. ಒಂದು ಬಿಳಿ ತಟ್ಟೆ, ಟೀ ಸೋಸುವ ಜಾಲರಿ, ಒಂದು ಭೂತಗನ್ನಡಿ ಇದ್ದರೆ ಆಯ್ತು. ನೀರು ಕಲ್ಲಿನ ಮೇಲೆ ಸದ್ದು ಮಾಡುತ್ತ ಹರಿಯುವ ಕಡೆ, ಮುಷ್ಟಿಗಿಂತ ಸ್ವಲ್ಪ ದೊಡ್ಡ ಕಲ್ಲು ಎತ್ತಿ ತಟ್ಟೆಯ ಮೇಲೆ ತಿರುಗಿಸಿ. ಮೊದಲು ಏನೂ ಕಾಣುವುದಿಲ್ಲ. ಅರ್ಧ ನಿಮಿಷ ಸುಮ್ನೆ ಕಾಯಬೇಕು. ಆಮೇಲೆ ಕಲ್ಲೇ ಹರಿದಾಡಲು ಶುರುವಾಗುತ್ತದೆ. ಚಪ್ಪಟೆ ಮೈಯ, ಬಾಲದ ತುದಿಯಲ್ಲಿ ಮೂರು ಕೂದಲಿನಂಥ ಎಳೆ ಇರುವ ಹುಳ ಏಡಿಯ ಹಾಗೆ ಪಕ್ಕಕ್ಕೆ ಜಾರುತ್ತದೆ. ಹೊಟ್ಟೆಯ ಎರಡೂ ಬದಿಗೆ ಸಣ್ಣ ಎಲೆಗಳು ಅಲುಗಾಡುತ್ತವೆ. ಅವು ಅದರ ಕಿವಿರು. ಇನ್ನೊಂದು ಹುಳ ಮರಳಿನ ಕಾಳುಗಳನ್ನು ತನ್ನದೇ ರೇಷ್ಮೆಯಿಂದ ಅಂಟಿಸಿ ಕೊಳವೆಯಂಥ ಮನೆ ಕಟ್ಟಿಕೊಂಡಿರುತ್ತದೆ. ತಲೆ ಹೊರಗೆ, ಮೈ ಒಳಗೆ. ಏರೋಪ್ಲೇನ್ ಚಿಟ್ಟೆಯ ಮರಿಯೂ ಸಿಗಬಹುದು. ಅದರ ಕೆಳತುಟಿ ಮಡಚಿಟ್ಟ ಕೈಯಂತೆ ಇದ್ದು, ಬೇಟೆ ಕಂಡ ಕೂಡಲೇ ಚಾಚಿ ಹಿಡಿಯುತ್ತದೆ. ಒಬ್ಬ ಹುಡುಗ ಇದನ್ನು ನೋಡಿ ಊಟದ ಬೆಲ್ ಹೊಡೆದರೂ ಏಳಲಿಲ್ಲ.

ಈ ಹುಳಗಳೇ ಹಳ್ಳದ ಜ್ವರ ನೋಡುವ ಥರ್ಮಾಮೀಟರ್. ಮೂರು ಬಾಲದ ಹುಳ, ಮರಳು ಮನೆಯ ಹುಳ ಜಾಸ್ತಿ ಇದ್ದರೆ ನೀರಿನಲ್ಲಿ ಆಮ್ಲಜನಕ ಚೆನ್ನಾಗಿದೆ, ಹೊಲಸು ಕಡಿಮೆ. ಅವು ಕಾಣದೆ ಬರೀ ಎಳೆಯಂಥ ಕೆಂಪು ಹುಳಗಳೇ ಇದ್ದರೆ ಮೇಲೆಲ್ಲೋ ಕೊಳಕು ಸೇರುತ್ತಿದೆ. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಆ ಕೆಂಪು ಹುಳದ ಮೈಯಲ್ಲೂ ಇದೆ, ಅದಕ್ಕೇ ಗಾಳಿ ಕಮ್ಮಿ ಇರುವ ನೀರಿನಲ್ಲೂ ಬದುಕುತ್ತದೆ. ಸೇತುವೆಗಿಂತ ಮೇಲೆ, ನೀರು ಹರಿದು ಬರುವ ಕಡೆ ಒಮ್ಮೆ, ಊರಿನ ಚರಂಡಿ ಸೇರುವ ಕೆಳಗಡೆ ಒಮ್ಮೆ ಕಲ್ಲು ತಿರುಗಿಸಿ ನೋಡಲಿ. ನೀವು ಒಂದು ಮಾತೂ ಹೇಳಬೇಕಿಲ್ಲ. ನೋಡಿದ ಮೇಲೆ ಹುಳಗಳನ್ನು ಅದೇ ಜಾಗಕ್ಕೆ ಬಿಟ್ಟು, ಕಲ್ಲನ್ನು ಇದ್ದ ಹಾಗೆಯೇ ಇಡಿಸಿ.

ಗಣಿತವೂ ಅಲ್ಲೇ ಇದೆ. ದಡದ ಉದ್ದಕ್ಕೂ 10 ಮೀಟರ್ ಅಳೆದು ನಿಂಬೆಹಣ್ಣು ತೇಲಿಬಿಡಿ. 25 ಸೆಕೆಂಡಿಗೆ ತಲುಪಿತು ಅನ್ನಿ. ವೇಗ ಸೆಕೆಂಡಿಗೆ 0.4 ಮೀಟರ್. ಹಳ್ಳದ ಅಗಲ 3 ಮೀಟರ್, ಸರಾಸರಿ ಆಳ 0.3 ಮೀಟರ್ ಇದ್ದರೆ ಮೂರನ್ನೂ ಗುಣಿಸಿ. ತಳದ ನೀರು ಮೇಲಿನದಕ್ಕಿಂತ ನಿಧಾನ, ಅದಕ್ಕೆ 0.85ರಿಂದ ಮತ್ತೆ ಗುಣಿಸಿ. ಸೆಕೆಂಡಿಗೆ ಸುಮಾರು 0.3 ಘನ ಮೀಟರ್, ಅಂದರೆ 300 ಲೀಟರ್. 15 ಲೀಟರಿನ 20 ಕೊಡ! ಕಣ್ಣು ಮಿಟುಕಿಸುವಷ್ಟರಲ್ಲಿ ಅಷ್ಟು ನೀರು ಹರಿದು ಹೋಗುತ್ತದೆ ಅಂದಾಗ ಮಕ್ಕಳ ಮುಖ ನೋಡಬೇಕು. ಇದನ್ನೇ ಮಾರ್ಚ್‌ನಲ್ಲಿ ಮತ್ತೆ ಮಾಡಿಸಿ.

ಮೀನಿಗೆ ಮಾತ್ರ ಕೈ ಹಾಕಿಸಬೇಡಿ. ಅದರ ಮೈಮೇಲಿನ ಲೋಳೆ ಒರೆಸಿಹೋದರೆ ಸೋಂಕು ತಗಲುತ್ತದೆ. ಚೇಳುಮೀನಿನ ಮುಳ್ಳು ಚುಚ್ಚಿದರೆ ಮಗುವಿಗೂ ನೋವು. ದಡದಲ್ಲಿ ಕೂತು ನೋಡುವುದೇ ಬೇಕಾದಷ್ಟಿದೆ. ಮಡುವಿನ ಮೇಲೆ ಕೆಂಪು ಚುಕ್ಕೆಗಳ ಗುಂಪು ಒಟ್ಟಿಗೆ ಮೇಲೆದ್ದು ಮುಳುಗುವುದು ಕಂಡರೆ ಅವು ಮುರುಗೋಡಿನ ಮರಿ ಇರಬಹುದು. ಸ್ವಲ್ಪ ಕೆಳಗೆ ದಪ್ಪ ನೆರಳಿನಂತೆ ಅಪ್ಪ ಅಮ್ಮ ಕಾವಲಿಗೆ ಇರುತ್ತವೆ. ಮಹಸೀರನ್ನು ಹತ್ತಿರದಿಂದ ತೋರಿಸಬೇಕಾದರೆ ಶೃಂಗೇರಿಯ ತುಂಗಾ ತೀರ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆ, ಬೆಳ್ತಂಗಡಿ ತಾಲೂಕಿನ ಶಿಶಿಲ ಇವೆ. ‘ದೇವರ ಮೀನು’ ಅಂತ ಜನ ಕಾಪಾಡಿಕೊಂಡು ಬಂದ ಜಾಗಗಳು. ಶಿಶಿಲದಲ್ಲಿ 1996ರಲ್ಲಿ ಯಾರೋ ನೀರಿಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು. ಅವುಗಳ ನೆನಪಿಗೆ ಊರವರು ಸ್ಮಾರಕವನ್ನೇ ಕಟ್ಟಿದರು. ಅಲ್ಲಿಗೆ ಹೋದರೆ ಮಂಡಕ್ಕಿ ಎಸೆಯುವ ಮೊದಲು ಹತ್ತು ನಿಮಿಷ ಸುಮ್ನೆ ನೋಡಿಸಿ. ಮೀಸೆ ಎಷ್ಟು? ಹರಿವಿಗೆ ಎದುರು ನಿಲ್ಲುತ್ತವೋ, ಬೆನ್ನು ಹಾಕುತ್ತವೋ?

ಮತ್ತೆ ಮನೆಗೆ ಒಂದು ಕೆಲಸ ಕೊಡಿ. ಹತ್ತುಮೀನಿನ ಬಗ್ಗೆ ಅಜ್ಜನ ಹತ್ತಿರ ಕೇಳಿ ಬರಲಿ. ಮೊದಲ ದೊಡ್ಡ ಮಳೆಗೆ ಹೊಳೆಯ ಮೀನು ಮೊಟ್ಟೆ ಇಡಲು ಗದ್ದೆ ಕಡೆ ಹತ್ತುತ್ತದಲ್ಲ, ಅದು. ಯಾವ ಮಳೆಗೆ ಹತ್ತುತ್ತಿತ್ತು, ಮೃಗಶಿರಾಕ್ಕೋ ಆರಿದ್ರಾಕ್ಕೋ? ಯಾವ್ಯಾವ ಮೀನು? ರಾತ್ರಿ ಬ್ಯಾಟರಿ ಹಿಡಿದು ಕಡಿಯುವಾಗ ಅವುಗಳ ಹೊಟ್ಟೆ ತುಂಬ ಮೊಟ್ಟೆ ಇರುತ್ತಿತ್ತಾ? ಈಗ ಯಾಕೆ ಕಡಿಮೆ? ಬೈಯುವುದು ಬೇಡ, ಕೇಳಿ ಬರೆದುಕೊಳ್ಳಲಿ. ಮೀನಿನ ವಿಷಯದಲ್ಲಿ ನಿಮ್ಮೂರಿನ ಅಜ್ಜಂದಿರಿಗೆ ತಿಳಿದಿರುವಷ್ಟು ನನಗೂ ಗೊತ್ತಿಲ್ಲ, ಪಠ್ಯಪುಸ್ತಕದಲ್ಲೂ ಇಲ್ಲ.

ಜೋಪಾನದ ಮಾತು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಕ್ಕಳನ್ನು ನೀರಿಗೆ ಇಳಿಸಲೇಬೇಡಿ. ಮೇಲೆ ಘಟ್ಟದಲ್ಲಿ ಮಳೆ ಬಂದರೆ ಕೆಳಗೆ ಬಿಸಿಲಿದ್ದರೂ ನೀರು ನುಗ್ಗಿ ಬರುತ್ತದೆ. ಬೇರೆ ದಿನಗಳಲ್ಲೂ ಎಲ್ಲರಿಗಿಂತ ಕುಳ್ಳಗಿರುವ ಮಗುವಿನ ಮೊಣಕಾಲಿಗಿಂತ ಆಳ ಬೇಡ. ಐದು ಮಕ್ಕಳಿಗೆ ಒಬ್ಬರು ದೊಡ್ಡವರು ಇರಲಿ. ಹಿಂದಿನ ದಿನ ನೀವೇ ಇಳಿದು ನೋಡಿ. ಕಾಲಲ್ಲಿ ಗಾಯ ಇದ್ದವರು ದಡದಲ್ಲಿ ಲೆಕ್ಕ ಬರೆಯಲಿ, ಇಲಿಜ್ವರದ ಭಯ ಇರುತ್ತದೆ. ವಾಪಸ್ಸು ಬಂದ ಮೇಲೆ ಸೋಪು ಹಾಕಿ ಕೈ ತೊಳೆಯಲಿ.

ಒಂದು ದಪ್ಪ ನೋಟ್ ಬುಕ್ ತಂದು ‘ನಮ್ಮ ಹಳ್ಳ’ ಅಂತ ಹೆಸರು ಬರೆಸಿ. ತಾರೀಕು, ನೀರಿನ ಆಳ, ನಿಂಬೆಹಣ್ಣಿನ ಸೆಕೆಂಡು, ಕಲ್ಲಿನಡಿ ಸಿಕ್ಕ ಹುಳ, ಕಂಡ ಮೀನು, ಅಜ್ಜ ಹೇಳಿದ ಹೆಸರು. ಏಳನೇ ಕ್ಲಾಸಿನವರು ಶಾಲೆ ಬಿಟ್ಟು ಹೋಗುವಾಗ ಆರನೆಯವರ ಕೈಗೆ ಕೊಟ್ಟು ಹೋಗಲಿ. ಮೊದಲ ವರ್ಷದ ಪುಟಗಳು ತುಂಬಿದ ಮೇಲೆ ನಿಮ್ಮ ಅಕ್ಕನ ಮಗಳ ಕ್ಲಾಸಿಗೂ ಫೋಟೋ ತೆಗೆದು ಕಳಿಸಿ. ಸಾಲ್ಮನ್ ಮೊಟ್ಟೆ ಎಣಿಸಿದ ಆ ಮಕ್ಕಳಿಗೆ ಮೃಗಶಿರಾ ಮಳೆಗೆ ಗದ್ದೆ ಹತ್ತುವ ಮೀನಿನ ಬಗ್ಗೆ ಕೇಳಲು ನೂರು ಪ್ರಶ್ನೆ ಇರುತ್ತವೆ.