ಪಾರ್ಪಸಿಂಗ್: ರನ್‌ವೇ ಮೇಲೆ ವಿಮಾನ ಪುಟಿಯುವುದೆಂದರೆ ಏನು?

ತರಬೇತಿ ವಿಮಾನಗಳ ಅಪಘಾತ ವರದಿಗಳಲ್ಲಿ, ಇಳಿಯುವಾಗ ವಿಮಾನ ಪುಟಿದು ಮುಂದಿನ ಚಕ್ರ ಮುರಿಯಿತೆಂಬ ಮಾತು ಮತ್ತೆ ಮತ್ತೆ ಕಾಣುತ್ತದೆ. ಆ ಮಾತಿನ ಹಿಂದೆ ಹೆಚ್ಚಾಗಿ ಇರುವುದು ವೈಮಾನಿಕರು ಪಾರ್ಪಸಿಂಗ್ ಎಂದು ಕರೆಯುವ ಕ್ರಿಯೆ. ಡಾಲ್ಫಿನ್‌ನ ಸಂಬಂಧಿಯಾದ ಪಾರ್ಪಸ್ ಎಂಬ ಕಡಲ ಪ್ರಾಣಿ ನೀರಿನಿಂದ ಎದ್ದು, ಮುಳುಗಿ, ಮತ್ತೆ ಏಳುತ್ತ ಸಾಗುವ ರೀತಿಯಿಂದ ಈ ಹೆಸರು ಬಂದಿದೆ. ಒಮ್ಮೆ ಪುಟಿದು ಕೂರುವುದು ಬರಿಯ ಬೌನ್ಸ್. ಒಂದರ ಹಿಂದೊಂದು ಬಂದು, ಪ್ರತಿ ಸಲವೂ ಬಲವಾಗುತ್ತ ಹೋಗುವ ಪುಟಿತವೇ ಪಾರ್ಪಸಿಂಗ್.

ಇದರ ಬೇರು ಸಾಮಾನ್ಯವಾಗಿ ಹೆಚ್ಚುವರಿ ವೇಗದಲ್ಲಿದೆ. ತರಬೇತಿಗೆ ಬಳಸುವ ಸೆಸ್ನಾ 172 ಎಂಬ ಪುಟ್ಟ ವಿಮಾನ, ರೆಕ್ಕೆಯ ಹಿಂಬದಿಯಲ್ಲಿರುವ ಫ್ಲಾಪ್ ಎಂಬ ಹಲಗೆಗಳನ್ನು ಇಳಿಸಿಕೊಂಡು, 60ರಿಂದ 70 ನಾಟ್ (ಗಂಟೆಗೆ ಸುಮಾರು 110ರಿಂದ 130 ಕಿ.ಮೀ.) ವೇಗದಲ್ಲಿ ರನ್‌ವೇ ಕಡೆಗೆ ಬರಬೇಕು. 65 ನಾಟ್‌ಗೆ ಬದಲಾಗಿ 75 ನಾಟ್‌ನಲ್ಲಿ ಬಂದರೆ, ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ರೆಕ್ಕೆಗೆ ಸುಮಾರು ಮೂರನೇ ಒಂದರಷ್ಟು ಹೆಚ್ಚಿನ ಸಾಮರ್ಥ್ಯ ಉಳಿದಿರುತ್ತದೆ. ವಿಮಾನವಿನ್ನೂ ಹಾರಬಲ್ಲದು, ಅದನ್ನು ಬಲವಂತವಾಗಿ ನೆಲಕ್ಕೆ ಒತ್ತಿದರೆ ಹಿಂದಿನ ಎರಡು ಚಕ್ರಗಳಿಗಿಂತ ಮೊದಲು ಮುಂದಿನ ಚಕ್ರ ತಾಗುತ್ತದೆ. ತಾಗಿದೊಡನೆ ಮೂತಿ ಮೇಲೇಳುತ್ತದೆ, ಗಾಳಿಗೆ ರೆಕ್ಕೆ ಒಡ್ಡಿಕೊಳ್ಳುವ ಕೋನ ಹೆಚ್ಚುತ್ತದೆ, ವಿಮಾನ ನೆಲ ಬಿಡುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಂಥ ಕಡೆ ಗಾಳಿ ತೆಳುವಾಗಿರುವುದರಿಂದ, ಮಾಪಕದ ಮುಳ್ಳು ಅದೇ ಅಂಕಿ ತೋರಿಸಿದರೂ ನಿಜವಾದ ವೇಗ ಅದಕ್ಕಿಂತ ಹೆಚ್ಚೇ ಇರುತ್ತದೆಂಬುದನ್ನೂ ವಿದ್ಯಾರ್ಥಿ ನೆನಪಿಡಬೇಕು.

ಆದರೆ ವಿಮಾನವನ್ನು ಮುರಿಯುವುದು ಸಾಮಾನ್ಯವಾಗಿ ಈ ಮೊದಲ ತಾಗುವಿಕೆಯಲ್ಲ, ಅದಕ್ಕೆ ವಿದ್ಯಾರ್ಥಿಯ ಕೈ ಕೊಡುವ ಉತ್ತರ. ಮೂತಿ ಎದ್ದು ರನ್‌ವೇ ಮರೆಯಾಗುತ್ತದೆ; ಎಡರೆಕ್ಕೆಯ ಅಂಚಿನಲ್ಲಿರುವ ಸ್ಟಾಲ್, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿ, ಹತ್ತಿರವಾಯಿತೆಂದು ಎಚ್ಚರಿಸುವ ಪೀಪಿ ಕೀರಲಾಗಿ ಕೂಗತೊಡಗುತ್ತದೆ; ಹೆದರಿದ ಕೈ ಮೂತಿಯನ್ನು ಏರಿಳಿಸುವ ಹಿಡಿಯಾದ ಯೋಕನ್ನು ಮುಂದಕ್ಕೆ ತಳ್ಳಿಬಿಡುತ್ತದೆ. ಆ ತಳ್ಳುವಿಕೆಯ ಪರಿಣಾಮ ಕಾಣುವ ಹೊತ್ತಿಗೆ ವಿಮಾನ ತಾನಾಗಿಯೇ ಕೆಳಗಿಳಿಯತೊಡಗಿರುತ್ತದೆ, ಹೀಗಾಗಿ ಎರಡೂ ಸೇರಿ ಮುಂದಿನ ಚಕ್ರ ಮೊದಲಿಗಿಂತ ಜೋರಾಗಿ ಅಪ್ಪಳಿಸುತ್ತದೆ. ಮತ್ತೆ ಎಳೆತ, ಮತ್ತೆ ತಳ್ಳುವಿಕೆ, ಪ್ರತಿ ಸಲವೂ ಕೈ ವಿಮಾನಕ್ಕಿಂತ ಒಂದು ಹೆಜ್ಜೆ ಹಿಂದೆ. ಇದನ್ನು ಅಜಾಗರೂಕತೆ ಎನ್ನುವುದು ನನಗೆ ಅನ್ಯಾಯವೆನಿಸುತ್ತದೆ. ಸರಿಪಡಿಸಬೇಕೆಂಬ ತವಕವೇ ಇಲ್ಲಿ ಕೆಡಿಸುತ್ತಿರುತ್ತದೆ.

ಹಿಂದಿನ ಚಕ್ರಗಳ ಕಾಲುಗಳು ಸ್ಪ್ರಿಂಗ್ ಉಕ್ಕಿನವು, ಬಾಗಿ ತಾಳಿಕೊಳ್ಳುತ್ತವೆ. ಮುಂದಿನ ಕಾಲಿಗೆ ಆ ತಾಳಿಕೆಯಿಲ್ಲ. ಅದರ ಹೊಡೆತ ಎಂಜಿನ್ ಹಿಂದಿನ ಫೈರ್‌ವಾಲ್ ಎಂಬ ತಗಡಿನ ಗೋಡೆಯನ್ನು ಸುಕ್ಕುಗಟ್ಟಿಸಬಲ್ಲದು. ಕಾಲು ಮುರಿದರಂತೂ ತಿರುಗುತ್ತಿರುವ ಪ್ರೊಪೆಲರ್ ನೆಲಕ್ಕೆ ಬಡಿಯುತ್ತದೆ, ಆಗ ಎಂಜಿನ್ನನ್ನೇ ಬಿಚ್ಚಿ ಪರೀಕ್ಷಿಸಬೇಕಾಗುತ್ತದೆ.

ಸಣ್ಣ ಬೌನ್ಸ್ ಆದರೆ ಮೂತಿಯನ್ನು ಇಳಿಯುವ ಭಂಗಿಯಲ್ಲೇ ಹಿಡಿದು, ತುಸು ಪವರ್ ಕೊಟ್ಟು, ವಿಮಾನ ಮೆಲ್ಲನೆ ಕೂರಲು ಬಿಡಬಹುದು. ಪುಟಿತ ಎತ್ತರವಾಗಿದ್ದರೆ, ಇಲ್ಲವೇ ಮುಂದಿನ ಚಕ್ರ ಮೊದಲು ತಾಗಿದ್ದರೆ, ಇರುವ ದಾರಿ ಗೋ ಅರೌಂಡ್ ಒಂದೇ: ಎಂಜಿನ್ ಬಲ ಹೆಚ್ಚಿಸುವ ಥ್ರಾಟಲನ್ನು ಪೂರ್ತಿ ಒತ್ತಿ, ಮೂತಿಯನ್ನು ಸ್ಥಿರವಾಗಿರಿಸಿ, ಫ್ಲಾಪನ್ನು ಹಂತಹಂತವಾಗಿ ಎತ್ತಿ ಮತ್ತೆ ಮೇಲೇರುವುದು. ಬೋಧಕರು ಪಕ್ಕದಲ್ಲಿದ್ದಾಗ ಅವರ ಕೈ ಸಹಾಯಕ್ಕೆ ಬರುತ್ತದೆ; ಒಬ್ಬರೇ ಹಾರುವಾಗ ಆ ಕೈ ಇರುವುದಿಲ್ಲವಾದ್ದರಿಂದ, ಮೊದಲ ಏಕಾಂಗಿ ಹಾರಾಟಕ್ಕೆ ಬಿಡುವ ಮುನ್ನವೇ ವಿದ್ಯಾರ್ಥಿಯಿಂದ ಗೋ ಅರೌಂಡನ್ನು ಹಲವು ಬಾರಿ ಮಾಡಿಸುತ್ತಾರೆ.