ರೂಪಾಂತರಿ ಬಂದಾಗಲೆಲ್ಲ ಎದ್ದ ಜಗಳ: ಲಸಿಕೆ ಕೆಲಸ ಮಾಡುತ್ತಾ, ಇಲ್ವಾ?

2021ರ ಜನವರಿ 3, ಭಾನುವಾರ. ದೇಶದ ಔಷಧ ಮಹಾ ನಿಯಂತ್ರಕ ವಿ.ಜಿ. ಸೋಮಾನಿ ದೆಹಲಿಯಲ್ಲಿ ಪತ್ರಕರ್ತರ ಮುಂದೆ ಒಂದು ಹೇಳಿಕೆ ಓದಿದರು. ಕೋವಿಡ್ ಲಸಿಕೆಗಳಾದ ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್ ಎರಡಕ್ಕೂ ತುರ್ತು ಬಳಕೆಯ ಒಪ್ಪಿಗೆ ಸಿಕ್ಕಿತ್ತು. ಕೋವಿಶೀಲ್ಡ್‌ಗೆ ಹೊರದೇಶದ ಪ್ರಯೋಗಗಳ ಅಂಕಿಅಂಶವಿತ್ತು. ಕೋವ್ಯಾಕ್ಸಿನ್‌ನ ಮೂರನೇ ಹಂತದ ಪ್ರಯೋಗ ಮಾತ್ರ ಇನ್ನೂ ನಡೆಯುತ್ತಿತ್ತು. ಅದು ಎಷ್ಟು ಜನರನ್ನು ಕಾಯಿಲೆಯಿಂದ ಉಳಿಸುತ್ತದೆ ಎಂಬ ಲೆಕ್ಕ ಆಗ ಯಾರ ಕೈಯಲ್ಲೂ ಇರಲಿಲ್ಲ. ಹಾಗಿದ್ದೂ ಒಪ್ಪಿಗೆ ಯಾಕೆ? ಕಾರಣ ಆ ಹೇಳಿಕೆಯಲ್ಲೇ ಇತ್ತು: ರೂಪಾಂತರಗೊಂಡ ತಳಿಗಳು ಹಬ್ಬಿದರೆ ಕೈಯಲ್ಲಿ ಇನ್ನೊಂದು ಲಸಿಕೆ ಇರಲಿ.

ಹೆದರಿಕೆಗೆ ಕಾರಣವಿತ್ತು. ಐದು ದಿನ ಹಿಂದಷ್ಟೇ ಬ್ರಿಟನ್ನಿನಿಂದ ಬಂದ ಆರು ಜನರಲ್ಲಿ ಅಲ್ಲಿನ ಹೊಸ ತಳಿ ಪತ್ತೆಯಾಗಿತ್ತು. ಅದರಲ್ಲಿ ಮೂರು ಮಾದರಿಗಳನ್ನು ಪತ್ತೆ ಮಾಡಿದ್ದು ಬೆಂಗಳೂರಿನ ನಿಮ್ಹಾನ್ಸ್. ಮುಂದೆ ಆಲ್ಫಾ ಎಂದು ಹೆಸರಾದದ್ದು ಇದೇ. ಕೋವ್ಯಾಕ್ಸಿನ್ ಇಡೀ ವೈರಸ್ಸನ್ನು ನಿಷ್ಕ್ರಿಯಗೊಳಿಸಿ ಮಾಡಿದ ಲಸಿಕೆ. ಬೇರೆ ಲಸಿಕೆಗಳಂತೆ ವೈರಸ್ಸಿನ ಮೈಮೇಲಿನ ಮುಳ್ಳಿನಂಥ ಸ್ಪೈಕ್ ಪ್ರೊಟೀನ್ ಒಂದನ್ನೇ ನೆಚ್ಚಿಕೊಂಡಿಲ್ಲ, ಹಾಗಾಗಿ ರೂಪಾಂತರಿಗಳ ವಿರುದ್ಧವೂ ಕೆಲಸ ಮಾಡುವ ಸಾಧ್ಯತೆ ಜಾಸ್ತಿ ಎಂದು ಅಂದಿನ ಆರೋಗ್ಯ ಸಚಿವ ಹರ್ಷವರ್ಧನ್ ಟ್ವೀಟ್ ಮಾಡಿದರು. ಊಹೆ ತಪ್ಪೇನಲ್ಲ, ಆದರೆ ಆಗ ಅದು ಬರೀ ಊಹೆ. ಕಾಂಗ್ರೆಸ್ಸಿನ ಶಶಿ ತರೂರ್, ಜೈರಾಮ್ ರಮೇಶ್ ಪ್ರಶ್ನೆ ಎತ್ತಿದರು. ಭಾರತ್ ಬಯೋಟೆಕ್‌ನ (ಕೋವ್ಯಾಕ್ಸಿನ್ ತಯಾರಿಸಿದ ಕಂಪನಿ) ಮುಖ್ಯಸ್ಥ ಕೃಷ್ಣ ಎಲ್ಲಾ ಮರುದಿನ ಪತ್ರಿಕಾಗೋಷ್ಠಿಯಲ್ಲಿ ಸಿಟ್ಟಿನಿಂದಲೇ ಉತ್ತರ ಕೊಟ್ಟರು. ಜನವರಿ 16ಕ್ಕೆ ಲಸಿಕೆ ಅಭಿಯಾನ ಶುರುವಾಗುವ ಹೊತ್ತಿಗೆ ಪ್ರಶ್ನೆ ಕೇಳಿದವರು ಒಂದು ಪಕ್ಷ, ಕೇಳದವರು ಇನ್ನೊಂದು ಪಕ್ಷ ಎನ್ನುವ ಹಾಗಾಗಿತ್ತು. ಆ ಹಣೆಪಟ್ಟಿ ಮುಂದಿನ ಚರ್ಚೆಯನ್ನೆಲ್ಲ ಕೆಡಿಸಿತು ಎಂದು ನನಗನಿಸುತ್ತದೆ. ಹತ್ತು ತಿಂಗಳ ನಂತರ ಪ್ರಯೋಗದ ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು: ರೋಗಲಕ್ಷಣವಿರುವ ಕೋವಿಡ್ ವಿರುದ್ಧ ಶೇ 77.8ರಷ್ಟು ರಕ್ಷಣೆ, ಮುಂದೆ ಬಂದ ಡೆಲ್ಟಾ ತಳಿಯ ವಿರುದ್ಧ ಶೇ 65.2. ಚೆನ್ನಾಗಿಯೇ ಇತ್ತು. ಆದರೆ ಅಷ್ಟರಲ್ಲಿ ಕೋಟ್ಯಂತರ ಡೋಸ್ ಹಾಕಿ ಆಗಿತ್ತು.

ಅತ್ತ ಅಮೆರಿಕ, ಯುರೋಪಿನಲ್ಲಿ ಚರ್ಚೆಯೆಲ್ಲ ಸುತ್ತುತ್ತಿದ್ದದ್ದು 95 ಎಂಬ ಸಂಖ್ಯೆಯ ಸುತ್ತ. ಫೈಜರ್ ಲಸಿಕೆ ಶೇ 95ರಷ್ಟು ಪರಿಣಾಮಕಾರಿ ಎಂದು 2020ರ ನವೆಂಬರ್‌ನಲ್ಲಿ ಸುದ್ದಿಯಾಯಿತು. ನೂರು ಜನ ಹಾಕಿಸಿಕೊಂಡರೆ ಐದು ಜನರಿಗೆ ಮಾತ್ರ ಕಾಯಿಲೆ ಬರುತ್ತದೆ ಎಂದು ಬಹಳ ಮಂದಿ ಅಂದುಕೊಂಡರು. ಅದರ ಅರ್ಥ ಹಾಗಲ್ಲ. ಸುಮಾರು 43 ಸಾವಿರ ಜನರಲ್ಲಿ ಅರ್ಧದಷ್ಟು ಮಂದಿಗೆ ಲಸಿಕೆ, ಉಳಿದವರಿಗೆ ಬರೀ ಉಪ್ಪುನೀರಿನ ಚುಚ್ಚುಮದ್ದು ಕೊಟ್ಟಿದ್ದರು. ಒಟ್ಟು 170 ಜನರಿಗೆ ಕೋವಿಡ್ ಬಂತು. ಉಪ್ಪುನೀರಿನವರಲ್ಲಿ 162, ಲಸಿಕೆಯವರಲ್ಲಿ 8. ಆ ಅಂತರವೇ 95. ಎರಡನೇ ಡೋಸ್ ಆಗಿ ಕೆಲವೇ ತಿಂಗಳು, ಹಳೆಯ ವೈರಸ್, ರೋಗಲಕ್ಷಣ ಕಾಣಿಸಿಕೊಂಡ ಕಾಯಿಲೆ. ಇಷ್ಟಕ್ಕೆ ಮಾತ್ರ ಆ ಸಂಖ್ಯೆ ಅನ್ವಯ. ಸುದ್ದಿಯ ತಲೆಬರಹದಲ್ಲಿ ಈ ಷರತ್ತುಗಳಿಗೆ ಜಾಗ ಸಿಗಲಿಲ್ಲ. ಡಬ್ಬದ ಮೇಲೆ ಮುದ್ರಿಸಿದ ಎಂಆರ್‌ಪಿ ಹಾಗೆ 95 ಜನರ ತಲೆಯಲ್ಲಿ ಅಚ್ಚಾಯಿತು. ಮುಂದೆ ಅದಕ್ಕಿಂತ ಕಡಿಮೆ ಬಂದ ಪ್ರತಿ ಸಂಖ್ಯೆಯೂ ಮೋಸ ಹೋದ ಹಾಗೆ ಕಂಡಿತು.

ಮೊದಲ ದೊಡ್ಡ ಪೆಟ್ಟು ಬಿದ್ದದ್ದು ದಕ್ಷಿಣ ಆಫ್ರಿಕಾದಲ್ಲಿ. 2021ರ ಫೆಬ್ರುವರಿ 1ರಂದು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನಿಂದ ಕೋವಿಶೀಲ್ಡ್ (ಹೊರದೇಶಗಳಲ್ಲಿ ಆಸ್ಟ್ರಾಜೆನೆಕಾ ಎಂದು ಕರೆಯುವ ಲಸಿಕೆ) ಹತ್ತು ಲಕ್ಷ ಡೋಸ್ ಜೋಹಾನ್ಸ್‌ಬರ್ಗ್‌ಗೆ ಬಂದಿಳಿಯಿತು. ಒಂದು ಡೋಸ್ ಹಾಕುವ ಮೊದಲೇ, ಫೆಬ್ರುವರಿ 7ರಂದು, ಸರ್ಕಾರ ಅದನ್ನು ತಡೆಹಿಡಿಯಿತು. ಅಲ್ಲಿನ ಲಸಿಕಾ ತಜ್ಞ ಶಬೀರ್ ಮಾಧಿ ನೇತೃತ್ವದ ಅಧ್ಯಯನ ಅಲ್ಲಿ ಹಬ್ಬಿದ್ದ ಬೀಟಾ ತಳಿಯ ವಿರುದ್ಧ ಈ ಲಸಿಕೆಯ ರಕ್ಷಣೆ ಸುಮಾರು ಶೇ 10 ಮಾತ್ರ ಎಂದು ಹೇಳಿತ್ತು. ಅಧ್ಯಯನದ ಒಳಗೆ ಇಣುಕಿ ನೋಡಿ. ಸುಮಾರು ಎರಡು ಸಾವಿರ ಜನ, ಹೆಚ್ಚಿನವರು ಹರೆಯದವರು. ಬೀಟಾ ತಗುಲಿದವರು ಲಸಿಕೆಯವರಲ್ಲಿ 19, ಉಪ್ಪುನೀರಿನವರಲ್ಲಿ 20. ಎಲ್ಲರದ್ದೂ ಸೌಮ್ಯ ಅಥವಾ ಮಧ್ಯಮ ಕಾಯಿಲೆ. ಗಂಭೀರ ಪ್ರಕರಣ ಒಂದೂ ಇಲ್ಲ. ಅಂದರೆ ಆಸ್ಪತ್ರೆ ಸೇರುವುದನ್ನು, ಸಾವನ್ನು ಲಸಿಕೆ ತಡೆಯುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಆ ಅಧ್ಯಯನದಲ್ಲಿ ಉತ್ತರವೇ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಮೂರೇ ದಿನಕ್ಕೆ, ರೂಪಾಂತರಿ ಇರುವ ಕಡೆಯೂ ಈ ಲಸಿಕೆ ಬಳಸಿ ಎಂದರು. ದಕ್ಷಿಣ ಆಫ್ರಿಕಾ ಕೇಳಲಿಲ್ಲ. ಆ ಡೋಸ್‌ಗಳನ್ನು ಆಫ್ರಿಕಾ ಒಕ್ಕೂಟದ ಬೇರೆ ದೇಶಗಳಿಗೆ ಮಾರಿತು.

ಇದೇನೂ ಹೊಸ ತಲೆನೋವಲ್ಲ. 1940ರ ದಶಕದಲ್ಲಿ ಅಮೆರಿಕದ ಥಾಮಸ್ ಫ್ರಾನ್ಸಿಸ್, ಜೋನಾಸ್ ಸಾಕ್ ತಂಡ ಮಾಡಿದ್ದ ಫ್ಲೂ ಲಸಿಕೆ ಸೈನಿಕರಲ್ಲಿ ಚೆನ್ನಾಗಿಯೇ ಕೆಲಸ ಮಾಡಿತ್ತು. 1947ರಲ್ಲಿ ಅದು ಕೈಕೊಟ್ಟಿತು. ಲಸಿಕೆ ಕೆಟ್ಟಿರಲಿಲ್ಲ, ವೈರಸ್ ಬದಲಾಗಿತ್ತು. ಅಂದಿನಿಂದ ಕಲಿತ ಪಾಠವೇ ಇಂದಿನ ವ್ಯವಸ್ಥೆ: ವರ್ಷಕ್ಕೆ ಎರಡು ಸಲ ತಜ್ಞರು ಕೂತು ಮುಂದಿನ ಫ್ಲೂ ಲಸಿಕೆಯಲ್ಲಿ ಯಾವ ತಳಿ ಇರಬೇಕು ಎಂದು ತೀರ್ಮಾನಿಸುತ್ತಾರೆ. ತಳಿ ಸರಿ ಹೊಂದಿದ ವರ್ಷಗಳಲ್ಲೂ ಫ್ಲೂ ಲಸಿಕೆಯ ರಕ್ಷಣೆ ಸಾಮಾನ್ಯವಾಗಿ ಶೇ 40ರಿಂದ 60. ಅದಕ್ಕೆ ಯಾರೂ ಬೀದಿಗಿಳಿಯುವುದಿಲ್ಲ. ದಡಾರದ ವೈರಸ್ಸಿನ ಕಥೆ ಬೇರೆ. 1960ರ ದಶಕದ ಲಸಿಕೆಯೇ ಇವತ್ತಿಗೂ ನಡೆಯುತ್ತಿದೆ. ಕೊರೊನಾ ಇವೆರಡರಲ್ಲಿ ಯಾರ ಹಾದಿ ಹಿಡಿಯುತ್ತದೆ ಎಂಬುದು 2021ರ ಆರಂಭದಲ್ಲಿ ಸ್ಪಷ್ಟವಿರಲಿಲ್ಲ.

ಉತ್ತರ ಬಂದದ್ದು ನಮ್ಮ ದೇಶದಿಂದಲೇ. ಭಾರತದಲ್ಲಿ ಮೊದಲು ಪತ್ತೆಯಾದ ಡೆಲ್ಟಾ ಏಪ್ರಿಲ್, ಮೇ ತಿಂಗಳಲ್ಲಿ ಆಸ್ಪತ್ರೆಗಳನ್ನು ತುಂಬಿಸಿತು. ಅದರ ನಡುವೆ ಮೇ 13ರಂದು ಕೇಂದ್ರ ಸರ್ಕಾರ ಕೋವಿಶೀಲ್ಡ್‌ನ ಎರಡು ಡೋಸ್‌ಗಳ ಅಂತರವನ್ನು 12ರಿಂದ 16 ವಾರಕ್ಕೆ ಏರಿಸಿತು. ಮರುದಿನವೇ ಬ್ರಿಟನ್ ಇದಕ್ಕೆ ತದ್ವಿರುದ್ಧವಾಗಿ, 50 ದಾಟಿದವರಿಗೆ 12 ವಾರದಿಂದ 8 ವಾರಕ್ಕೆ ಇಳಿಸಿತು. ಒಂದೇ ಲಸಿಕೆ, ಒಂದೇ ವೈರಸ್, ಎರಡು ದಿಕ್ಕು! ಮುಂದೆ ಬ್ರಿಟನ್ನಿನಲ್ಲಿ ಸಿಕ್ಕ ಲೆಕ್ಕ ಹೀಗಿತ್ತು: ಒಂದೇ ಡೋಸ್ ಆಗಿದ್ದರೆ ಡೆಲ್ಟಾ ವಿರುದ್ಧ ಸುಮಾರು ಶೇ 31ರಷ್ಟು ರಕ್ಷಣೆ. ಎರಡೂ ಆಗಿದ್ದರೆ ಆಸ್ಟ್ರಾಜೆನೆಕಾಗೆ ಶೇ 67, ಫೈಜರ್‌ಗೆ ಶೇ 88. ಎರಡನೆಯದು ಬೇಗ ಹಾಕಬೇಕು ಎಂಬ ಮಾತಿಗೆ ಅದು ಬಲ ಕೊಟ್ಟಿತು. ಅಂತರ ಜಾಸ್ತಿ ಇದ್ದರೆ ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರತಿಕಾಯಗಳು ಹೆಚ್ಚು ಹುಟ್ಟುತ್ತವೆ ಎಂಬ ಭಾರತದ ವಾದವೂ ಸುಳ್ಳಲ್ಲ. ಆದರೆ ಅದೇ ಮೇ 14ರಿಂದ ಕರ್ನಾಟಕದಲ್ಲಿ 18ರಿಂದ 44 ವಯಸ್ಸಿನವರಿಗೆ ಲಸಿಕೆ ಹಾಕುವುದನ್ನೇ ನಿಲ್ಲಿಸಬೇಕಾಯಿತು, ಸ್ಟಾಕ್ ಇರಲಿಲ್ಲ. ಲಸಿಕೆ ಕೇಂದ್ರದ ಮುಂದೆ ಬೆಳಗಿನ ಜಾವದಿಂದ ಸರತಿಯಲ್ಲಿ ನಿಂತು ವಾಪಸ್ ಹೋದವರಿಗೆ ಅಂತರ ಏರಿಸಿದ್ದು ವಿಜ್ಞಾನಕ್ಕೋ ಕೊರತೆಗೋ ಎಂಬ ಅನುಮಾನ ಬಂದರೆ ಅವರದ್ದೇನು ತಪ್ಪು? ಮುಂದಿನ ತಿಂಗಳು ಕೇಂದ್ರದ ಲಸಿಕಾ ಸಲಹಾ ಸಮಿತಿಯ ಕೆಲವು ಸದಸ್ಯರೇ ಇಷ್ಟು ದೊಡ್ಡ ಅಂತರಕ್ಕೆ ನಾವು ಹೇಳಿರಲಿಲ್ಲ ಎಂದರು.

ಆ ಗದ್ದಲದಲ್ಲಿ ಕಳೆದುಹೋದ ಒಂದು ಒಳ್ಳೆಯ ಅಧ್ಯಯನವಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಎರಡನೇ ಅಲೆಯಲ್ಲಿ ತನ್ನದೇ ಸಿಬ್ಬಂದಿಯ ಲೆಕ್ಕ ಇಟ್ಟಿತು. ಹತ್ತು ಸಾವಿರಕ್ಕೂ ಹೆಚ್ಚು ಜನ, ಬಹುತೇಕರು ಕೋವಿಶೀಲ್ಡ್ ಪಡೆದವರು. ಎರಡು ಡೋಸ್ ಆದವರಲ್ಲಿ ಸೋಂಕಿನ ವಿರುದ್ಧ ರಕ್ಷಣೆ ಶೇ 65, ಆಸ್ಪತ್ರೆ ಸೇರುವುದರ ವಿರುದ್ಧ ಶೇ 77, ಆಕ್ಸಿಜನ್ ಬೇಕಾಗುವುದರ ವಿರುದ್ಧ ಶೇ 92, ಐಸಿಯು ವಿರುದ್ಧ ಶೇ 94. ಒಂದೇ ಲಸಿಕೆಗೆ ನಾಲ್ಕು ಸಂಖ್ಯೆ. ನಾಲ್ಕೂ ನಿಜ. ಲಸಿಕೆ ಕೆಲಸ ಮಾಡುತ್ತಾ ಎಂದು ಕೇಳಿದವರಿಗೆ, ಯಾವುದನ್ನು ತಡೆಯೋಕೆ ಎಂದು ಮರುಪ್ರಶ್ನೆ ಹಾಕಬೇಕಿತ್ತು. ಸರ್ಕಾರಗಳು ಇದನ್ನು ಮೊದಲ ದಿನದಿಂದಲೇ ಹೇಳಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ. ಹೇಳಲಿಲ್ಲ, ಯಾಕಂದ್ರೆ ಸೋಂಕೇ ಬರಲ್ಲ ಅಂದರೆ ಜನ ಬೇಗ ಬರ್ತಾರೆ ಎಂಬ ಲೆಕ್ಕ ಇದ್ದಿರಬೇಕು.

ಆ ಲೆಕ್ಕ ತಿರುಗಿಬಿತ್ತು. 2021ರ ಜುಲೈನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಪ್ರಾವಿನ್ಸ್‌ಟೌನ್ ಎಂಬ ಕಡಲ ತೀರದ ಊರಿನಲ್ಲಿ ರಜೆಯ ಜಾತ್ರೆಯೇ ಸೇರಿತ್ತು. ಆಮೇಲೆ ಪತ್ತೆಯಾದ 469 ಪ್ರಕರಣಗಳಲ್ಲಿ ಶೇ 74 ಮಂದಿ ಪೂರ್ತಿ ಲಸಿಕೆ ಹಾಕಿಸಿಕೊಂಡವರು. ಇಸ್ರೇಲ್‌ನಲ್ಲೂ ಆಸ್ಪತ್ರೆಗಳಲ್ಲಿದ್ದ ಗಂಭೀರ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಲಸಿಕೆ ಪಡೆದವರೇ ಎಂಬ ಸುದ್ದಿ ಬಂತು. ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೂ ಅದು ತಡವಿಲ್ಲದೆ ತಲುಪಿತು. ಲಸಿಕೆಯೇ ದಂಡ ಅಲ್ವಾ ಎಂಬ ಅಡಿಬರಹದ ಸಮೇತ.

ಇಲ್ಲಿ ಸ್ವಲ್ಪ ನಿಧಾನವಾಗಿ ಲೆಕ್ಕ ಹಾಕೋಣ. ಒಂದು ಊರಲ್ಲಿ ಸಾವಿರ ವಯಸ್ಸಾದವರು ಇದ್ದಾರೆ ಅಂದುಕೊಳ್ಳಿ. 900 ಜನ ಲಸಿಕೆ ಪಡೆದಿದ್ದಾರೆ, 100 ಜನ ಪಡೆದಿಲ್ಲ. ಲಸಿಕೆ ಇಲ್ಲದವರಲ್ಲಿ ನೂರಕ್ಕೆ 10 ಜನ ಆಸ್ಪತ್ರೆ ಸೇರುತ್ತಾರೆ. ಲಸಿಕೆ ಇದ್ದವರಲ್ಲಿ ನೂರಕ್ಕೆ 2 ಮಾತ್ರ. ಈಗ ಆಸ್ಪತ್ರೆಗೆ ಹೋಗಿ ಎಣಿಸಿ: ಲಸಿಕೆ ಪಡೆದವರು 18, ಪಡೆಯದವರು 10. ಸುಮಾರು ಮೂರರಲ್ಲಿ ಎರಡು ಪಾಲು ಲಸಿಕೆಯವರೇ! ಆದರೂ ಲಸಿಕೆ ಹಾಕಿಸಿಕೊಳ್ಳದಿದ್ದರೆ ಆಸ್ಪತ್ರೆ ಸೇರುತ್ತಿದ್ದ ಐದರಲ್ಲಿ ನಾಲ್ಕು ಜನರನ್ನು ಅದು ಉಳಿಸಿದೆ. ಹಾಸಿಗೆ ಎಣಿಸಿದರೆ ಸಾಲದು, ಊರನ್ನೂ ಎಣಿಸಬೇಕು. ಪ್ರಾವಿನ್ಸ್‌ಟೌನ್‌ನ ಆ 469 ಜನರಲ್ಲಿ ಆಸ್ಪತ್ರೆ ಸೇರಿದ್ದು ಐವರು, ಸಾವು ಒಂದೂ ಇಲ್ಲ. ಇದು ಫಾರ್ವರ್ಡ್ ಆಗಲಿಲ್ಲ. ಹಾಗಂತ ಸುದ್ದಿ ಪೂರ್ತಿ ಸುಳ್ಳೂ ಅಲ್ಲ. ಲಸಿಕೆ ಪಡೆದವರೂ ಡೆಲ್ಟಾ ಹರಡಬಲ್ಲರು ಎಂಬುದು ನಿಜವೇ ಆಗಿತ್ತು. ಕಾಲ ಕಳೆದಂತೆ ರಕ್ಷಣೆ ಇಳಿಯುತ್ತಿದ್ದದ್ದೂ ನಿಜ. ಜುಲೈ ಕೊನೆಗೆ ಇಸ್ರೇಲ್ 60 ದಾಟಿದವರಿಗೆ ಮೂರನೇ ಡೋಸ್ ಶುರು ಮಾಡಿತು.

ಆಮೇಲೆ ಓಮಿಕ್ರಾನ್. ನವೆಂಬರ್ 24ರಂದು ದಕ್ಷಿಣ ಆಫ್ರಿಕಾ ಜಗತ್ತಿಗೆ ತಿಳಿಸಿತು. ಡಿಸೆಂಬರ್ 2ಕ್ಕೆ ಭಾರತದ ಮೊದಲ ಎರಡು ಪ್ರಕರಣ ಬೆಂಗಳೂರಿನಲ್ಲೇ ಸಿಕ್ಕವು. ಒಬ್ಬರು ವಿದೇಶಿ ಪ್ರಯಾಣಿಕ, ಇನ್ನೊಬ್ಬರು ಎಲ್ಲೂ ಹೋಗಿ ಬಂದಿರದ ಸ್ಥಳೀಯ ವೈದ್ಯ. ಇಬ್ಬರಿಗೂ ಎರಡು ಡೋಸ್ ಆಗಿತ್ತು. ಸ್ಪೈಕ್ ಪ್ರೊಟೀನ್ ಒಂದರಲ್ಲೇ 30ಕ್ಕೂ ಹೆಚ್ಚು ಬದಲಾವಣೆ ಇದ್ದ ಈ ತಳಿಯನ್ನು ಹಳೆಯ ಪ್ರತಿಕಾಯಗಳು ಸರಿಯಾಗಿ ಗುರುತಿಸಲಿಲ್ಲ. ಎರಡನೇ ಆಸ್ಟ್ರಾಜೆನೆಕಾ ಡೋಸ್ ಆಗಿ 25 ವಾರ ಕಳೆದರೆ ರೋಗಲಕ್ಷಣದ ವಿರುದ್ಧ ರಕ್ಷಣೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಎಂದಿತು ಬ್ರಿಟನ್ನಿನ ಲೆಕ್ಕ. ಆದರೂ ಗಂಭೀರ ಕಾಯಿಲೆಯ ವಿರುದ್ಧದ ರಕ್ಷಣೆ ಅಷ್ಟು ಬೇಗ ಕುಸಿಯಲಿಲ್ಲ. ಪ್ರತಿಕಾಯಗಳ ಹಿಂದೆ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳಿವೆ. ಅವು ವೈರಸ್ಸಿನ ಹತ್ತಾರು ತುಣುಕುಗಳನ್ನು ಗುರುತಿಡುತ್ತವೆ. ಅಷ್ಟೂ ತುಣುಕುಗಳು ಒಮ್ಮೆಗೇ ಬದಲಾಗುವುದಿಲ್ಲ. ಸೋಂಕನ್ನು ಬಾಗಿಲಲ್ಲೇ ತಡೆಯದಿದ್ದರೂ ಸೋಂಕಾದ ಜೀವಕೋಶಗಳನ್ನು ಹುಡುಕಿ ಕೊಲ್ಲುತ್ತವೆ.

ಭಾರತ 2022ರ ಜನವರಿ 10ರಿಂದ ಆರೋಗ್ಯ ಕಾರ್ಯಕರ್ತರಿಗೆ, ವಯಸ್ಸಾದವರಿಗೆ ಮುನ್ನೆಚ್ಚರಿಕೆ ಡೋಸ್ ಕೊಟ್ಟಿತು. ಮೊದಲು ಪಡೆದ ಲಸಿಕೆಯನ್ನೇ ಮತ್ತೊಮ್ಮೆ. ಏಪ್ರಿಲ್‌ನಲ್ಲಿ 18 ದಾಟಿದವರೆಲ್ಲರಿಗೂ ಖಾಸಗಿ ಆಸ್ಪತ್ರೆಗಳಲ್ಲಿ ಹಣಕ್ಕೆ ಸಿಕ್ಕಿತು. ಜನ ಅಷ್ಟಾಗಿ ಬರಲಿಲ್ಲ. ಜುಲೈ 15ರಿಂದ 75 ದಿನ ಉಚಿತ ಮಾಡಬೇಕಾಯಿತು.

ಅಮೆರಿಕ ಮಾತ್ರ ಲಸಿಕೆಯನ್ನೇ ಬದಲಿಸುವ ಹಾದಿ ಹಿಡಿಯಿತು. 2022ರ ಆಗಸ್ಟ್ 31ರಂದು ಹಳೆಯ ತಳಿ ಮತ್ತು ಓಮಿಕ್ರಾನ್‌ನ ಬಿಎ.4, ಬಿಎ.5 ಉಪತಳಿಗಳು ಸೇರಿದ ಬೂಸ್ಟರ್‌ಗೆ ಒಪ್ಪಿಗೆ ಕೊಟ್ಟಿತು. ಫೈಜರ್ ಆ ಮಿಶ್ರಣದ ಬಗ್ಗೆ ತಜ್ಞರ ಮುಂದಿಟ್ಟಿದ್ದ ಅಂಕಿಅಂಶ ಎಂಟು ಇಲಿಗಳದ್ದು. ಲಸಿಕೆಗಳ ಪರವಾಗಿ ಜೀವಮಾನವಿಡೀ ವಾದಿಸಿದ ಪಾಲ್ ಆಫಿಟ್ ಅವರೇ ಆ ತಜ್ಞರ ಸಮಿತಿಯಲ್ಲಿ ಬದಲಾವಣೆಗೆ ವಿರುದ್ಧ ಮತ ಹಾಕಿದ್ದರು. 19 ಪರ, 2 ವಿರುದ್ಧ. ನನ್ನ ಪ್ರಕಾರ ಈ ಇಡೀ ಕಥೆಯಲ್ಲಿ ಆರೋಗ್ಯಕರ ಜಗಳ ಅಂದರೆ ಇದೇ. ಯಾರೂ ಯಾರನ್ನೂ ದೇಶದ್ರೋಹಿ ಎನ್ನಲಿಲ್ಲ, ಅಂಕಿಅಂಶ ಸಾಲದು ಎಂದರು ಅಷ್ಟೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ತಳಿಯನ್ನು ಲಸಿಕೆಯಿಂದ ಪೂರ್ತಿ ಕೈಬಿಡಿ ಎಂದಿತು. ಅದೇ ವರ್ಷ ಜೂನ್‌ನಲ್ಲಿ ಪುಣೆಯ ಜೆನೋವಾ ಕಂಪನಿಯ ಜೆಮ್‌ಕೋವ್ಯಾಕ್-ಓಎಂ ಬಂತು. ಓಮಿಕ್ರಾನ್‌ಗೆಂದೇ ಮಾಡಿದ್ದು, ಸೂಜಿ ಇಲ್ಲದೆ ಚರ್ಮಕ್ಕೆ ಕೊಡುವಂಥದ್ದು. ಅಷ್ಟರಲ್ಲಿ ಜನ ಕೋವಿಡ್ ಮರೆತಾಗಿತ್ತು.

ಈಗ ಜಗಳ ಯಾರಿಗೆ ಬೇಕು ಎಂಬಲ್ಲಿಗೆ ಬಂದಿದೆ. 2025ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೊಸ ತಳಿಯ ಲಸಿಕೆಗಳನ್ನು 65 ದಾಟಿದವರಿಗೆ ಮತ್ತು ಬೇರೆ ಕಾಯಿಲೆಯಿಂದ ಅಪಾಯ ಹೆಚ್ಚಿರುವವರಿಗೆ ಸೀಮಿತಗೊಳಿಸಿತು. ಉಳಿದ ಆರೋಗ್ಯವಂತರಿಗೆ ಕೊಡಬೇಕಾದರೆ ಹೊಸ ಪ್ರಯೋಗ ಮಾಡಿ ತೋರಿಸಿ ಎಂದಿತು. ಲಸಿಕೆ ವಿರೋಧಿಗಳ ಒತ್ತಡ ಎಂದು ಕೆಲವರು ಬೈದರು. ಯುರೋಪಿನ ಹಲವು ದೇಶಗಳು ಆಗಲೇ ಹೀಗೆ ಮಾಡುತ್ತಿದ್ದವು ಎಂದು ಕೆಲವರು ನೆನಪಿಸಿದರು. ಇಬ್ಬರ ಮಾತಲ್ಲೂ ಹುರುಳಿದೆ.